ಚಿಕ್ಕಮ್ಮನಿಗಿಂತ ಮೊದಲೇ ಹಾಡುವ ಲ್ಯಾಪ್‌ಟಾಪಿನ ವಿಷಯವಾಗಿ

ಲ್ಯಾಪ್‌ಟಾಪ್ ಅಂಗಡಿಯ ಮೊದಲ ಮಹಡಿಯಲ್ಲಿ, ‘ನಿಮ್ಮ ಆಯ್ಕೆಗೆ ನಮ್ಮ ನೆರವು’ ಎಂಬ ಫಲಕದ ಕೆಳಗೆ ಟೈ ಬಿಗಿದು ಸದಾ ನಗುತ್ತ ನಿಂತಿರುವ ಮಾನ್ಯ ಸಲಹೆಗಾರರೇ,

ತಮಗೂ, ತಮ್ಮ ಮುಂದಿನ ಮೇಜಿನ ಮೇಲೆ ಸಾಲಾಗಿ ಬಾಯಿ ತೆರೆದು ಕುಳಿತಿರುವ ಯಂತ್ರಗಳಿಗೂ ನನ್ನ ನಮಸ್ಕಾರಗಳು. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಅಷ್ಟು ಅಮೂಲ್ಯವಾದದ್ದನ್ನು ನಾಲ್ಕು ಜನರಿಗೆ ಹಂಚದೆ ನಮ್ಮಿಬ್ಬರ ನಡುವೆಯೇ ಇಟ್ಟುಕೊಳ್ಳುವುದು ಸ್ವಾರ್ಥವಾದೀತೆಂದು ಹೀಗೆ ಮಾಡಿದೆ.

ತಮಗೆ ನನ್ನ ನೆನಪಿರಲಾರದು. ನಾನು ಹಲ್ಲಿನ ಸೆಟ್ಟು ಮಾಡುವವನು. ಊರಿನ ಅರ್ಧದಷ್ಟು ಹಿರಿಯರ ನಗೆಗೆ ನಾನೇ ಜವಾಬ್ದಾರ. ನನ್ನನ್ನು ಸಾಕಿದ ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ನಲವತ್ತು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಲೇ, ಅಳತೆ ಕೊಡಲು ಬಂದು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವವರ ಮೇಲೆ, ಹೊಲಿಸಿ ವರ್ಷವಾದರೂ ಒಯ್ಯದವರ ಮೇಲೆ, ಕಳೆದುಹೋದ ಕತ್ತರಿಯ ಮೇಲೆ ಹಾಡು ಕಟ್ಟಿಕೊಂಡು ಬಂದವಳು. ಒಂದನ್ನೂ ಬರೆದಿಟ್ಟಿಲ್ಲ. “ಬರೆದ್ರೆ ಮಾತು ಉಳಿಯುತ್ತೆ ಕಣೋ, ರಾಗ ಎಲ್ಲಿ ಬರೀಲಿ?” ಎಂಬುದು ಅವಳ ಪ್ರಶ್ನೆ. ಈಚೆಗೆ ಅವಳ ಗಂಟಲಲ್ಲೊಂದು ಗಂಟು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ ವೈದ್ಯರು, “ಜೀವಕ್ಕೇನೂ ಭಯ ಇಲ್ಲ. ಧ್ವನಿ ಮಾತ್ರ ಹೀಗೇ ಇರುತ್ತೆ ಅಂತ ಹೇಳೋಕಾಗಲ್ಲ” ಎಂದರು. ಉಳಿದಿದ್ದದ್ದು ಹನ್ನೊಂದು ದಿನ. ಆ ಮಧ್ಯಾಹ್ನವೇ ನಾನು ತಮ್ಮ ಮೆಟ್ಟಿಲು ಹತ್ತಿದೆ.

ನಾನು ಕೇಳಿದ್ದು ಎರಡೇ: ಹಾಡು ರೆಕಾರ್ಡ್ ಮಾಡುವಾಗ ಯಂತ್ರ ಸದ್ದು ಮಾಡಬಾರದು, ಮೈಕಿನ ತಂತಿ ಸಿಕ್ಕಿಸಲು ಅದರಲ್ಲಿ ಜಾಗವಿರಬೇಕು. ತಾವು ನನ್ನ ಮಾತು ಮುಗಿಯುವ ಮೊದಲೇ ಎಲ್ಲವನ್ನೂ ಅರ್ಥಮಾಡಿಕೊಂಡು, ಕೀಲಿಗಳ ಕೆಳಗೆ ಏಳು ಬಣ್ಣದ ದೀಪ ಓಡಾಡುವ ಒಂದು ಲ್ಯಾಪ್‌ಟಾಪನ್ನು ಮುಂದಿಟ್ಟು, “ಹಾಡೇನು ಸರ್, ಇದ್ರಲ್ಲಿ ಯುದ್ಧಾನೇ ಆಡಬಹುದು” ಎಂದಿರಿ. ಚಿಕ್ಕಮ್ಮನಿಗೆ ಯಾರ ಮೇಲೂ ಯುದ್ಧ ಸಾರುವ ಉದ್ದೇಶವಿರಲಿಲ್ಲ. ಆದರೂ ತಾವು ಅಷ್ಟು ಖಚಿತವಾಗಿ ಹೇಳುವಾಗ ನನ್ನ ಅಗತ್ಯ ನನಗಿಂತ ತಮಗೇ ಚೆನ್ನಾಗಿ ಗೊತ್ತಿರಬೇಕೆಂದು ಒಪ್ಪಿಕೊಂಡೆ. ಇದು ನನ್ನ ತಪ್ಪು. ನಾನಾದರೂ ಬಂದವರ ಬಾಯಿ ನೋಡದೆ ಹಲ್ಲು ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಗಳಿಗೆಲ್ಲ ರಜಾಯಿ ಹೊದಿಸಿ, ಗೋಡೆ ಗಡಿಯಾರದ ಬ್ಯಾಟರಿ ಕಿತ್ತು, ಚಿಕ್ಕಮ್ಮನನ್ನು ಲ್ಯಾಪ್‌ಟಾಪಿನದೇ ಪುಟ್ಟ ಮೈಕಿನ ಮುಂದೆ ಕೂರಿಸಿದೆವು. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆಗ ತಮ್ಮ ಲ್ಯಾಪ್‌ಟಾಪು ‘ಹೂಂ’ ಎಂದಿತು. ಮೊದಲು ಮೆಲ್ಲಗೆ, ಆಮೇಲೆ ಮೇಲೇರುತ್ತ, ಕೊನೆಗೆ ಹಿಟ್ಟಿನ ಗಿರಣಿಯ ಮಾಲೀಕನೂ ನಾಚುವಂತೆ. “ಯಾರಪ್ಪ ಅದು, ನನಗಿಂತ ಮೊದ್ಲೇ ಶುರು ಮಾಡೋದು?” ಎಂದು ಚಿಕ್ಕಮ್ಮ ಕಣ್ಣು ಬಿಟ್ಟಳು. ಅದು ಒಳಗಿನ ಫ್ಯಾನು. ಹಾಡಿನ ಪಲ್ಲವಿಗೆ ಅದು ಹೇಗೋ ತಾಳ್ಮೆಯಿಂದಿರುತ್ತಿತ್ತು. ಚರಣ ಬಂದ ಕೂಡಲೇ ಅದಕ್ಕೂ ಆವೇಶ ಬರುತ್ತಿತ್ತು. ಅದನ್ನು ಪಕ್ಕದ ಕೋಣೆಯಲ್ಲಿಟ್ಟು ನಮ್ಮ ಮೈಕಿನ ಉದ್ದ ತಂತಿ ಎಳೆಯೋಣವೆಂದರೆ, ಕಾಗದದಷ್ಟು ತೆಳ್ಳಗಿರಬೇಕೆಂಬ ಹಟದಲ್ಲಿ ಅದಕ್ಕೆ ಎರಡೇ ಪುಟ್ಟ ತೂತು ಇಟ್ಟಿದ್ದರು. ಒಂದು ಚಾರ್ಜಿಗೆ, ಇನ್ನೊಂದು ಆ ತಂತಿಗೆ ಹೊಂದದ್ದು. ನಡುವೆ ಹಾಕಲು ಒಂದು ಅಡಾಪ್ಟರ್ ತಂದೆವು. ಅದು ಬಿಸಿಯಾದಾಗಲೆಲ್ಲ ಮೈಕು ಮೂಕವಾಗುತ್ತಿತ್ತು.

ಮೂರನೆಯ ದಿನ ಅದನ್ನು ಎದೆಗವಚಿಕೊಂಡು ತಮ್ಮಲ್ಲಿಗೆ ಬಂದೆ. ತಾವು ಕಿವಿಯಿಟ್ಟು ಕೇಳಿ, ತಲೆದೂಗಿ, “ಫ್ಯಾನ್ ಸದ್ದು ಬರ್ತಿದೆ ಅಂದ್ರೆ ಮಷೀನ್ ಆರೋಗ್ಯವಾಗಿದೆ ಅಂತ ಸರ್. ಅಮ್ಮಾವ್ರಿಗೆ ಸ್ವಲ್ಪ ಜೋರಾಗಿ ಹಾಡೋಕೆ ಹೇಳಿ” ಎಂದಿರಿ. ಗಂಟಲಿನ ಶಸ್ತ್ರಚಿಕಿತ್ಸೆಗೆ ಎಂಟು ದಿನವಿದ್ದವಳಿಗೆ ಇದಕ್ಕಿಂತ ಸುಲಭವಾದ ಉಪಾಯ ಯಾವ ವೈದ್ಯರಿಗೂ ಹೊಳೆದಿರಲಿಲ್ಲ. ನಾನು ಅದನ್ನು ಮತ್ತೆ ಎದೆಗವಚಿಕೊಂಡು ಮೆಟ್ಟಿಲಿಳಿದೆ. ಅರ್ಧ ದಾರಿಯಲ್ಲಿ ಅಳು ಬಂತು.

ಅಂದು ಸಂಜೆ ನನ್ನ ಅಕ್ಕ ಕೆಳಗಿನ ಮನೆಯ ಡ್ರೈವಿಂಗ್ ಶಾಲೆಯವರಿಂದ ಒಂದು ಹಳೆಯ ಲ್ಯಾಪ್‌ಟಾಪು ಕೇಳಿ ತಂದಳು. ದಪ್ಪ, ಕರಿ, ಇಟ್ಟಿಗೆಯ ತೂಕ. ಮುಚ್ಚಳ ನಿಲ್ಲಬೇಕಾದರೆ ಹಿಂದೆ ಏನಾದರೂ ಆನಿಸಬೇಕು. ಅದರ ಮೈತುಂಬ ತೂತುಗಳಿದ್ದವು, ಮೈಕಿನ ತಂತಿ ಮೊದಲ ಸಲಕ್ಕೇ ಹೋಗಿ ಕೂತಿತು. ಸದ್ದಂತೂ ಇಲ್ಲವೇ ಇಲ್ಲ, ಏಕೆಂದರೆ ಅದರ ಫ್ಯಾನು ಸತ್ತು ಎರಡು ವರ್ಷವಾಗಿತ್ತು. ಐಸು ತುಂಬಿದ ಚೀಲದ ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ, ಅದರ ಮೇಲೆ ಈ ಮಹರಾಯನನ್ನು ಕೂರಿಸಿದೆವು. ಒಂದು ಹಾಡು ಮುಗಿಯುವಷ್ಟರಲ್ಲಿ ಅದಕ್ಕೆ ಮೈ ಕಾದು ಸುಸ್ತು, ಚಿಕ್ಕಮ್ಮನಿಗೆ ಗಂಟಲು ಕಟ್ಟಿ ಸುಸ್ತು. ಅದನ್ನು ಆರಲು ಬಿಟ್ಟು ಅವಳು ಬಿಸಿನೀರು ಗುಟುಕರಿಸುವಳು, ಕಾಲು ಗಂಟೆ ಕಳೆದು ಅದರ ಬೆನ್ನು ಮುಟ್ಟಿ ನೋಡಿ, “ಪಾಪ, ನನ್ನ ಹಾಗೇ ಇದೂ. ಆಯ್ತಾ ಮರಿ? ಇನ್ನೊಂದು ಹೇಳೋಣ್ವಾ?” ಎನ್ನುವಳು. ಹೀಗೆ ಎಂಟು ದಿನಗಳಲ್ಲಿ ನಲವತ್ತಮೂರು ಹಾಡು ಸಿಕ್ಕವು. ಕೊನೆಯದನ್ನು ಹಾಡುವಾಗ ನಡುವೆ ನಿಲ್ಲಿಸಿ, “ಇದರ ಮುಂದಿನ ಸಾಲು ಮರೆತೇ ಹೋಯ್ತಲ್ಲೋ” ಎಂದು ನಕ್ಕಳು. ಆ ನಗುವನ್ನು ಅಳಿಸದೆ ಹಾಗೇ ಬಿಟ್ಟಿದ್ದೇವೆ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರು ವಾರ ಅವಳು ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ನಮ್ಮನ್ನೆಲ್ಲ ಬೈದಳು. ಬಳಿಕ ಬಂದ ಧ್ವನಿ ದಪ್ಪ, ಒರಟು. ಮೇಲಿನ ಸ್ವರಗಳು ಅವಳನ್ನು ಬಿಟ್ಟು ಹೋಗಿದ್ದವು. ಹಳೆಯ ಹಾಡುಗಳನ್ನು ಕೇಳಿಸುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಚಿಕ್ಕಮ್ಮ ಮೂರು ಹಾಡು ಕೇಳಿ, ಕಣ್ಣೊರೆಸಿಕೊಂಡು, “ಚೆನ್ನಾಗೇ ಹಾಡ್ತಿದ್ಲು ಪುಣ್ಯಾತ್ಗಿತ್ತಿ. ಅವಸರ ಮಾತ್ರ ಜಾಸ್ತಿ” ಎಂದಳು. ಮರುದಿನ ಹೊಲಿಗೆ ಯಂತ್ರದ ಸದ್ದಿನ ಜೊತೆ ಆ ಹೊಸ ದಪ್ಪ ಧ್ವನಿಯಲ್ಲಿ ಒಂದು ಹೊಸ ಹಾಡು ಕೇಳಿಬಂತು. ಮಾನ್ಯರೇ, ಅಭಿನಂದನೆಗಳು: ಅದರ ನಾಯಕರು ತಾವೇ. ತಮ್ಮ ನಗೆಗೆ ಒಂದು ಚರಣ, ಕೊರಳಿನ ಟೈಗೆ ಒಂದು, ಆರೋಗ್ಯವಂತ ಫ್ಯಾನಿಗೆ ಎರಡು ಚರಣ ಮೀಸಲಾಗಿವೆ.

ಆದ್ದರಿಂದ ಸವಿನಯ ಕೋರಿಕೆ. ಮುಂದಿನ ಭಾನುವಾರ ಬೆಳಿಗ್ಗೆ ಅದನ್ನು ರೆಕಾರ್ಡ್ ಮಾಡಲಿದ್ದೇವೆ. ತಾವು ದಯಮಾಡಿಸಿ, ತಟ್ಟೆಯ ಕೆಳಗಿನ ಐಸು ಬದಲಿಸುವ ಹೊಣೆ ಹೊರಬೇಕು, ಹಾಡು ಮುಗಿಯುವ ತನಕ ಯಾರಿಗೂ ಯಾವ ಸಲಹೆಯನ್ನೂ ಕೊಡಬಾರದು. ಎರಡನೆಯದು ಕಷ್ಟವೆಂದು ಬಲ್ಲೆ.

ಮತ್ತೆ ಏನನ್ನೂ ಕೊಳ್ಳುವವನಲ್ಲವಾದರೂ,
ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ಟು ಮಾಡುವವನು

ಮರೆತ ಮಾತು: ತಮ್ಮ ಲ್ಯಾಪ್‌ಟಾಪು ವ್ಯರ್ಥವಾಯಿತೆಂದು ದಯವಿಟ್ಟು ನೊಂದುಕೊಳ್ಳಬೇಡಿ. ಅದರ ಬಿಸಿಗಾಳಿ ಬರುವ ಬದಿಗೆ ಅಕ್ಕ ಒದ್ದೆ ಕಾಲುಚೀಲಗಳನ್ನು ಹರಡುತ್ತಾಳೆ. ಇಪ್ಪತ್ತು ನಿಮಿಷದಲ್ಲಿ ಒಂದು ಜೊತೆ ಗರಿಗರಿಯಾಗಿ ಒಣಗುತ್ತದೆ. ಇಂಥ ಗುಣವನ್ನು ಡಬ್ಬದ ಮೇಲೆ ಎಲ್ಲಿಯೂ ಮುದ್ರಿಸದೆ ಮುಚ್ಚಿಟ್ಟ ತಮ್ಮ ವಿನಯ ದೊಡ್ಡದು.