ಮೂರು ಭಾಷೆಯ ರೀಪ್ಲೇ

ನನ್ನ ಹೆಂಡತಿ ಭೂಮಿಕಾ ಕಬಡ್ಡಿ ಆಡುತ್ತಾಳೆ. ಹೊಸಬರಿಗೆ ಇದನ್ನು ಹೇಳುವಾಗ ನನ್ನ ಎದೆ ತಾನಾಗಿ ಒಂದಿಷ್ಟು ಮುಂದೆ ಬರುತ್ತದೆ. ಕೇಳಿದವರು ಮೊದಲು ಆ ಎದೆಯನ್ನೂ ಆಮೇಲೆ ನನ್ನ ಒಟ್ಟಾರೆ ದೇಹಸಂಪತ್ತನ್ನೂ ನೋಡಿ, ಮನೆಯಲ್ಲಿ ಜಗಳ ಬಂದರೆ ಹೇಗೆ ಎಂದು ವಿಚಾರಿಸುತ್ತಾರೆ. ಬರುವುದಿಲ್ಲ. ನಾನು ನಡುಗೆರೆ ದಾಟುವುದೇ ಇಲ್ಲ.

ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಅವಳು ಒಂದು ಫ್ಯಾಕ್ಟರಿಯಲ್ಲಿ ವೈರು ಜೋಡಿಸುತ್ತಾಳೆ, ನಾನು ಇನ್ನೊಂದರಲ್ಲಿ ಕ್ವಾಲಿಟಿ ವಿಭಾಗ. ಬೇರೆಯವರು ಮಾಡಿದ್ದನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪು ಹುಡುಕಿ, ಕೆಂಪು ಚೀಟಿ ಅಂಟಿಸುವುದು ನನ್ನ ಉದ್ಯೋಗ. (ಮನೆಯಲ್ಲಿ ಈ ಸೇವೆಯನ್ನು ಉಚಿತವಾಗಿ ನೀಡಲು ಮದುವೆಯಾದ ಹೊಸದರಲ್ಲಿ ಯತ್ನಿಸಿದ್ದೆ. ಉಪ್ಪಿಟ್ಟಿನ ವಿಷಯದಲ್ಲಿ. ಆಮೇಲೆ ಯತ್ನಿಸಿಲ್ಲ.) ಅವಲಪಲ್ಲಿಯ ಫ್ಯಾಕ್ಟರಿ ಹೆಣ್ಣುಮಕ್ಕಳ ತಂಡಕ್ಕೆ ಭೂಮಿಕಾನೇ ನಾಯಕಿ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೆಲಮಂಗಲದ ಬಯಲಿನಲ್ಲಿ ಪಂದ್ಯಾವಳಿ. ಅದನ್ನು ಜಯರಾಮಯ್ಯನವರ ಕೇಬಲ್ ಚಾನೆಲ್ಲು ಸುತ್ತಮುತ್ತಲ ಊರುಗಳಿಗೆಲ್ಲ ನೇರಪ್ರಸಾರ ಮಾಡುತ್ತದೆ.

ನನ್ನ ಸಂಕಟ ಶುರುವಾದದ್ದು ಈ ನೇರಪ್ರಸಾರದಿಂದಲೇ.

ಎರಡು ವರ್ಷದ ಹಿಂದಿನ ಪ್ರಸಾರವನ್ನು ವರ್ಣಿಸುತ್ತೇನೆ, ಧೈರ್ಯ ತಂದುಕೊಳ್ಳಿ. ಟ್ರಾಕ್ಟರಿನ ಟ್ರೈಲರ್ ಮೇಲೆ ಒಂದೇ ಒಂದು ಕ್ಯಾಮೆರಾ. ಪರದೆಯ ಕೆಳಗೆ ಹುಟ್ಟುಹಬ್ಬದ ಶುಭಾಶಯಗಳು ಹರಿಯುತ್ತಿವೆ. ಎಡಕ್ಕೆ ಬೋರ್‌ವೆಲ್ ಜಾಹೀರಾತು, ಬಲಕ್ಕೆ ಸೈಟುಗಳ ಜಾಹೀರಾತು. ನಡುವೆ ಚಪಾತಿಯಷ್ಟು ಜಾಗ ಉಳಿದಿದೆ, ಅದು ಕಬಡ್ಡಿಗೆ. ಅಂಕ ಬದಲಾದಾಗೆಲ್ಲ ಒಬ್ಬರು ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಕ್ಯಾಮೆರಾದ ಮೂತಿಗೆ ಹಿಡಿಯುತ್ತಿದ್ದರು, ಅಷ್ಟು ಹೊತ್ತು ಚಪಾತಿಯೂ ಇಲ್ಲ. ಸ್ಲೇಟು ಸರಿದರೆ ಅದರ ಹಿಂದೆ ಒಂದು ತಲೆ. ಅದು ಕಪ್ ಕೊಡಿಸಿದ ಫ್ಲೆಕ್ಸ್ ಅಂಗಡಿ ಮುನಿಕೃಷ್ಣಪ್ಪನವರ ಸ್ವಂತ ತಲೆ. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಪ್ ಕೊಡಿಸಿದವರಿಗೆ ಜರುಗಿ ಎನ್ನುವವರು ಯಾರು? ಭೂಮಿಕಾಳ ಅಂದಿನ ಅತಿ ದೊಡ್ಡ ರೈಡು ನಡೆದದ್ದು ಮುನಿಕೃಷ್ಣಪ್ಪನವರ ಬಲಗಿವಿಯ ಹಿಂದೆ. ತಲೆಯ ಎಡಕ್ಕೆ ಒಂದು ಕಾಲು ಹೋಯಿತು, ಬಲಕ್ಕೆ ಎರಡು ಕಾಲು ಬಂದವು. ನಡುವೆ ಏನಾಯಿತೆಂದು ಇತಿಹಾಸಕ್ಕೆ ಗೊತ್ತಿಲ್ಲ.

ಇದರ ಮೇಲೆ ಕಾಮೆಂಟರಿ. ನಮ್ಮ ಕಡೆ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಹಸು ಕಳೆದುಹೋದ ಸುದ್ದಿಯನ್ನೂ ಮೈಕಿನಲ್ಲಿ ಮೂರು ಭಾಷೆಯಲ್ಲಿ ಹೇಳಬೇಕು, ಒಂದು ಬಿಟ್ಟರೂ ಆ ಭಾಷೆಯವರು ಹಸು ಹುಡುಕಲು ಬರುವುದಿಲ್ಲ. ಕಾಮೆಂಟರಿ ಹೇಳುವ ರಾಮಕೃಷ್ಣಪ್ಪ ಮೇಷ್ಟ್ರು ಒಂದೇ ಉಸಿರಿನಲ್ಲಿ ಮೂರನ್ನೂ ಹೇಳುತ್ತಾರೆ, ಆಟಗಾರ್ತಿಯರಿಗಿಂತ ಅವರ ದಮ್ಮೇ ದೊಡ್ಡದು. ಆದರೆ ಒಂದು ರೈಡನ್ನು ಮೂರು ಭಾಷೆಯಲ್ಲಿ ಮುಗಿಸುವಷ್ಟರಲ್ಲಿ ಮುಂದಿನ ಎರಡು ರೈಡು ಮುಗಿದಿರುತ್ತಿದ್ದವು. ಹಾಗಾಗಿ ನೋಡುವುದು ಒಂದು, ಕೇಳುವುದು ಇನ್ನೊಂದು, ಸ್ಲೇಟಿನಲ್ಲಿರುವುದು ಮತ್ತೊಂದು.

ನಮ್ಮ ಫ್ಯಾಕ್ಟರಿಯಲ್ಲಾಗಿದ್ದರೆ ಈ ಪ್ರಸಾರಕ್ಕೆ ಕೆಂಪು ಚೀಟಿ ಬೀಳುತ್ತಿತ್ತು ಎಂದು ನಾನು ಟೀ ಅಂಗಡಿಯಲ್ಲಿ, ಕಂಪನಿ ಬಸ್ಸಿನಲ್ಲಿ, ಕೊನೆಗೆ ಮನೆಯಲ್ಲೂ ಸಾರತೊಡಗಿದೆ. ವರ್ಷವಿಡೀ ಸಾರಿದೆ. ಮುಂದಿನ ಪಂದ್ಯಾವಳಿ ಹತ್ತಿರ ಬಂದಾಗ ಭೂಮಿಕಾಳಿಗೆ ಸಾಕಾಯಿತು.

"ಬರೀ ಬಾಯಲ್ಲೇ ರಿಜೆಕ್ಟ್ ಮಾಡ್ತೀರಲ್ಲ, ನೀವೇ ಹೋಗಿ ಮಾಡ್ರಿ," ಅಂದಳು.

"ಮಾಡ್ತೀನಿ. ನೋಡ್ತಾ ಇರು."

"ನಾನೆಲ್ಲಿ ನೋಡ್ಲಿ, ಆಡ್ತಾ ಇರ್ತೀನಿ. ಅಜ್ಜಿ ನೋಡ್ತೈತೆ ಈ ಸಲ. ಅದು ಒಂದ್ಸಲ ಸರ್ಯಾಗ್ ನೋಡ್ಬೇಕು, ಅಷ್ಟೇಯ."

ಅಜ್ಜಿ ಎಂದರೆ ರಾಯಕೋಟೆಯ ಹನುಮಕ್ಕ, ಭೂಮಿಕಾಳನ್ನು ಸಾಕಿ ಬೆಳೆಸಿದವರು. ಆ ಹೆಂಗಸಿಗೆ ಕಬಡ್ಡಿ ಎಂದರೆ ಆಗದು. ಹೆಣ್ಣುಮಗು ಬಯಲಿನಲ್ಲಿ ಉಸಿರು ಕಟ್ಟಿಕೊಂಡು ಕೂಗುತ್ತ ಮಂದಿಯ ಮೇಲೆ ಬೀಳುವುದು ಯಾವ ಸೀಮೆ ಆಟ ಎಂದು ಸ್ಕೂಲಿನ ದಿನಗಳಿಂದಲೂ ಗೊಣಗಿದವರು, ಮೊಮ್ಮಗಳು ತಂದ ಒಂದು ಪದಕವನ್ನೂ ಗೋಡೆಗೆ ತೂಗಿಸಲಿಲ್ಲ, ಒಂದು ಪಂದ್ಯವನ್ನೂ ನೋಡಲಿಲ್ಲ. ಈ ಸಲ ಮಾತ್ರ, ಬಯಲಿಗಂತೂ ಬರುವುದಿಲ್ಲ, ಟೀವಿಯಲ್ಲಿ ಬಂದರೆ ಒಂದು ಗಳಿಗೆ ನೋಡುತ್ತೇನೆ ಎಂದು ಒಪ್ಪಿದ್ದರು. ಅಲ್ಲಿಗೆ ವಿಷಯ ನನ್ನ ವೃತ್ತಿಗೌರವವನ್ನು ದಾಟಿ ಬಹಳ ಮೇಲೆ ಹೋಯಿತು.

ಜಯರಾಮಯ್ಯನವರಲ್ಲಿಗೆ ಹೋದೆ. ಜಗಳ ಆಗಬಹುದೆಂದು ವಾದಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಒಂದೂ ಖರ್ಚಾಗಲಿಲ್ಲ. "ಬಾ ತಂಬಿ," ಅಂದರು. "ಬಯ್ಯೋರೆಲ್ಲ ದೂರದಾಗ್ ನಿಂತ್ಕೊಂಡು ಬಯ್ತಾರೆ. ನೀನೊಬ್ಬ ಹತ್ರ ಬಂದಿದ್ದೀಯ. ಎಲ್ಲಾ ನೀನೇ ನೋಡ್ಕೊ." ಹೀಗೆ ಒಂದು ಲೋಟ ಟೀಯ ಮೇಲೆ ನಾನು ಪ್ರಸಾರ ನಿರ್ದೇಶಕನಾದೆ.

ಸುಧಾರಣೆಗಳು ಆರಂಭವಾದವು. ಸ್ಲೇಟನ್ನು ನಿವೃತ್ತಿಗೊಳಿಸಿ ಅಂಕವನ್ನು ಪರದೆಯ ಮೂಲೆಗೇ ತಂದೆ. ಬೋರ್‌ವೆಲ್ಲನ್ನು ವಿರಾಮದ ವೇಳೆಗೆ ತಳ್ಳಿದೆ. ಮುನಿಕೃಷ್ಣಪ್ಪನವರ ಅಂಗಡಿಗೆ ಹೋಗಿ, ಫ್ಲೆಕ್ಸ್ ದರ ಕೇಳುವ ನೆಪದಲ್ಲಿ, ಅವರು ಕುರ್ಚಿಯಲ್ಲಿ ಕೂತಾಗ ತಲೆ ಎಲ್ಲಿಯವರೆಗೆ ಬರುತ್ತದೆಂದು ಕಣ್ಣಳತೆ ತೆಗೆದುಕೊಂಡು ಬಂದೆ. ಅಳತೆ ಇಲ್ಲದೆ ನಮ್ಮ ವಿಭಾಗದಲ್ಲಿ ಏನೂ ನಡೆಯುವುದಿಲ್ಲ. ಅದರಂತೆ ಕ್ಯಾಮೆರಾ ಟ್ರೈಲರಿನಿಂದ ಲಾರಿಯ ಕ್ಯಾಬಿನ್ನಿನ ಮೇಲಕ್ಕೆ ಏರಿತು.

ಇವೆಲ್ಲಕ್ಕೂ ಕಿರೀಟವಾಗಿ ರೀಪ್ಲೇ. ಅದೂ ನಿಧಾನಗತಿಯಲ್ಲಿ. ಅದಕ್ಕೆಂದೇ ಲ್ಯಾಪ್‌ಟಾಪ್ ಒಂದನ್ನು ಹೊಂದಿಸಿದೆ. (ಹಳೆಯದನ್ನು ತೋರಿಸುವಾಗ ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಇದು ಸಣ್ಣ ಕೊರತೆ ಎಂದುಕೊಂಡೆ.) ಆಗ ಮೇಷ್ಟ್ರು ಬಂದು ಒಂದು ನ್ಯಾಯವಾದ ಪ್ರಶ್ನೆ ಕೇಳಿದರು, ರೀಪ್ಲೇಗೆ ಯಾವ ಭಾಷೆಯಲ್ಲಿ ಹೇಳುವುದು ಎಂದು. ನನಗೆ ಥಟ್ಟನೆ ಹೊಳೆಯಿತು. ರೀಪ್ಲೇಯನ್ನು ಮೂರು ಸಲ ಓಡಿಸುವುದು. ಒಂದು ಸಲ ಕನ್ನಡಕ್ಕೆ, ಒಂದು ಸಲ ತಮಿಳಿಗೆ, ಒಂದು ಸಲ ತೆಲುಗಿಗೆ. ಯಾರಿಗೂ ಕಡಿಮೆಯಿಲ್ಲ. ತಮ್ಮ ಮಾತು ಮತ್ತು ಚಿತ್ರ ಜೀವನದಲ್ಲಿ ಮೊದಲ ಬಾರಿಗೆ ಒಟ್ಟಿಗೆ ಓಡಲಿವೆ ಎಂದು ತಿಳಿದ ಮೇಷ್ಟ್ರ ಕಣ್ಣು ತೇವವಾಯಿತು.

ಹಿಂದಿನ ದಿನ ನಮ್ಮ ಬೀದಿಯಲ್ಲೇ ಪರೀಕ್ಷೆ ನಡೆಸಿದೆವು. ಭೂಮಿಕಾ ಒಬ್ಬಳೇ ಒಂದು ರೈಡು ಓಡಿದಳು, ಮೂರು ರೀಪ್ಲೇಯೂ ಬೆಣ್ಣೆಯಂತೆ ಬಂದವು. ಕೆಂಪು ಚೀಟಿಗೆ ಅವಕಾಶವೇ ಇಲ್ಲ ಎಂದು ಘೋಷಿಸಿದೆ. ಆ ಬೀದಿಯಲ್ಲಿ ಮುಂದಿನ ರೈಡು ಓಡುವುದಕ್ಕೆ ಇನ್ನೊಬ್ಬರು ಇರಲಿಲ್ಲ ಎಂಬುದನ್ನು ಕ್ವಾಲಿಟಿ ವಿಭಾಗ ಗಮನಿಸಲಿಲ್ಲ.

ಭಾನುವಾರ ಫೈನಲ್. ಎದುರಾಳಿ ಕೆಲಮಂಗಲದವರೇ, ಬಯಲಿನ ತುಂಬ ಅವರ ಜನ. ರಾಯಕೋಟೆಯಿಂದ ಫೋನು ಬಂತು, ಅಜ್ಜಿ ಕನ್ನಡಕ ಒರೆಸಿಕೊಂಡು ಟೀವಿ ಮುಂದೆ ಕೂತಿದ್ದಾರೆ, ಅಕ್ಕಪಕ್ಕದವರೂ ಬಂದಿದ್ದಾರೆ ಎಂದು. ಲಾರಿಯ ಮೇಲಿಂದ ಭೂಮಿಕಾಳಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ನೆಲ ಮುಟ್ಟಿ ನಮಸ್ಕರಿಸಿ ಅಂಕಣಕ್ಕೆ ಇಳಿದಳು.

ಮೊದಲರ್ಧ ಮುಗಿಯುವವರೆಗೂ ಚಿತ್ರ ಕನ್ನಡಿಯಂತೆ ಬಂತು. ಮುನಿಕೃಷ್ಣಪ್ಪನವರ ತಲೆಯ ಒಂದು ಕೂದಲೂ ಕಾಣಲಿಲ್ಲ. ಮೆಚ್ಚುಗೆಯ ಮೆಸೇಜುಗಳು ಬಂದವು. ಜಯರಾಮಯ್ಯನವರೇ ಟೀ ತಂದು ಲಾರಿ ಮೇಲಕ್ಕೆ ಕೈ ಚಾಚಿದರು. ಮೇಷ್ಟ್ರು ಮಾತ್ರ ರೀಪ್ಲೇ ಯಾವಾಗ, ಯಾವಾಗ ಎಂದು ಚಡಪಡಿಸುತ್ತಿದ್ದರು. ಅದಕ್ಕೆ ತಕ್ಕ ರೈಡು ಬರಲಿ ಎಂದು ನಾನು ತಡೆದಿದ್ದೆ.

ಬಂತು. ಆಟ ಮುಗಿಯಲು ಕೊಂಚ ಹೊತ್ತಿದೆ, ನಮ್ಮವರು ಮೂರು ಅಂಕ ಹಿಂದೆ. ಭೂಮಿಕಾ ಗೆರೆ ದಾಟಿ ಒಳಗೆ ಹೋದಳು. ಒಬ್ಬಳು ಕಾಲಿಗೆ ಬಿದ್ದಳು, ಒಬ್ಬಳು ಸೊಂಟಕ್ಕೆ, ಮೂರನೆಯವಳು ಬೆನ್ನ ಮೇಲೆ. ಮೂವರನ್ನೂ ಹೊತ್ತುಕೊಂಡು, ಬಾಯಲ್ಲಿ ಕಬಡ್ಡಿ ಕಬಡ್ಡಿ ಬಿಡದೆ, ನನ್ನ ಹೆಂಡತಿ ಮಣ್ಣಿನಲ್ಲಿ ಗೇಣು ಗೇಣಾಗಿ ಜರುಗಿ, ಕೈ ನೀಡಿ, ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದಳು. ಸಮ ಸಮ. ಇದನ್ನು ಲೋಕ ಇನ್ನೊಮ್ಮೆ ನೋಡದಿದ್ದರೆ ಲೋಕ ಇದ್ದೇನು ಪ್ರಯೋಜನ ಎನ್ನಿಸಿ ಗುಂಡಿ ಒತ್ತಿದೆ.

ಕನ್ನಡದಲ್ಲಿ ಭೂಮಿಕಾ ನಿಧಾನವಾಗಿ ಗೆರೆ ಮುಟ್ಟಿದಳು. ತಮಿಳಿನಲ್ಲಿ ಮುಟ್ಟುತ್ತಿರುವಾಗ ಬಯಲಿನಲ್ಲಿ ದೊಡ್ಡ ಗದ್ದಲವೆದ್ದಿತು. ಜನ ನನ್ನ ರೀಪ್ಲೇಗೆ ಮರುಳಾದರೆಂದು, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆಯೇ ಲಾರಿಯ ಮೇಲೆ ಎದ್ದು ನಿಂತು ಕೈ ಮುಗಿದೆ. (ಬಯಲಿನಲ್ಲಿ ಟೀವಿಯೇ ಇಲ್ಲವೆಂಬುದು ಆಗ ನೆನಪಾಗಲಿಲ್ಲ.) ತೆಲುಗಿನಲ್ಲಿ ಅವಳ ಬೆರಳು ಗೆರೆಯತ್ತ ತೆವಳುತ್ತಿದ್ದಾಗ ನಮ್ಮವರ ಮೂಲೆಯಲ್ಲಿ ಪಟಾಕಿ ಸಿಡಿಯಿತು. ಇಷ್ಟೊಂದು ಅಭಿಮಾನ ಬೇಡವಾಗಿತ್ತು ಎಂದುಕೊಳ್ಳುತ್ತ ನೇರಪ್ರಸಾರಕ್ಕೆ ಮರಳಿದೆ. ಪರದೆಯ ಮೇಲೆ ನಮ್ಮ ತಂಡದ ಮುನಿಲಕ್ಷ್ಮಿ ಭೂಮಿಕಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದಳು. ಕೆಲಮಂಗಲದ ಹುಡುಗಿಯರು ನೆಲದ ಮೇಲೆ ಕೂತಿದ್ದರು. ಮುನಿಕೃಷ್ಣಪ್ಪನವರು ಕಪ್ ಹಿಡಿದು ಬರುತ್ತಿದ್ದರು. ಆಟ ಮುಗಿದಿತ್ತು.

ಭೂಮಿಕಾ ಮೈತುಂಬ ಮಣ್ಣು ಮಾಡಿಕೊಂಡು ಲಾರಿಯ ಹತ್ತಿರ ಓಡಿ ಬಂದಳು.

"ಬಂತಾ? ಕೊನೇದು, ಇಬ್ರನ್ನ ಒಟ್ಗೆ ಹೊಡ್ದು ಗೆದ್ದಿದ್ದು?"

"ಅದಕ್ ಮುಂಚಿಂದು ಬಂತು."

"ಕೊನೇದು?"

"ಮುಂಚಿಂದೇ ಇನ್ನೂ ಮೂರು ಸಲ ಬಂತು."

ಅವಳು ಕಪ್ ತಬ್ಬಿಕೊಂಡು ಸ್ಕೂಟರಿನ ಹಿಂದೆ ಕೂತಳು. ನಮ್ಮಿಬ್ಬರ ನಡುವೆ ಕಪ್ ಇತ್ತು, ಅದರ ಕಿವಿ ನನ್ನ ಬೆನ್ನಿಗೆ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಹೇಳಿತು.

ಮನೆಗೆ ಬಂದು, ಮಣ್ಣು ಕೂಡ ತೊಳೆದುಕೊಳ್ಳದೆ ಅಜ್ಜಿಗೆ ಫೋನು ಹಚ್ಚಿದಳು. ಫೋನನ್ನು ಕಪ್ಪಿನ ಪಕ್ಕ ಇಟ್ಟು ಸ್ಪೀಕರ್ ಹಾಕಿದಳು.

"ನೋಡ್ದೆ ಕಣೇ ಮಗಾ," ಅಂದರು ಹನುಮಕ್ಕ. "ಮೂರು ಜನ ಮೇಲ್ ಬಿದ್ರೂ ಎಳ್ಕೊಂಡ್ ಬಂದ್ಬುಟ್ಯಲ್ಲ. ಆಮ್ಯಾಕೆ ತಿರ್ಗಾ ಹೋದೆ. ತಿರ್ಗಾ ಅವೇ ಮೂರು, ಅಂಗೇ ಬಿದ್ವು. ಬುದ್ಧಿ ಬ್ಯಾಡ್ವಾ ಆ ಹೆಣ್ಗಳ್ಗೆ? ಮೂರ್ನೇ ಸಲಾನೂ, ನಾಕ್ನೇ ಸಲಾನೂ ಅಂಗೇ ಹಿಡ್ಕೊಂಡವೆ. ಪಾಪ, ನಿಂಗೂ ಸುಸ್ತಾಗಿತ್ತು, ನೀರ್ನಾಗ್ ನಡ್ದಂಗೆ ಮೆಲ್ಲಗ್ ಬತ್ತಿದ್ದೆ. ಆದ್ರೂ ಮುಟ್ದೆ."

ಭೂಮಿಕಾ ನನ್ನ ಮುಖ ನೋಡಿದಳು. ನಾನು ಕಪ್ಪನ್ನು ನೋಡಿದೆ.

"ಪಕ್ಕದ್ ಮನೆ ಬೈರಮ್ಮಂಗೂ ಅಂದೆ, ನಮ್ ಹುಡ್ಗಿ ಹನ್ನೆರ್ಡು ಜನುನ್ನ ಎಳ್ಕೊಂಡ್ ಬಂದೈತೆ ಅಂತ. ಅಲ್ಲಾ, ಕೊನೀಗ್ ಗೆದ್ದಿದ್ಯಾರು? ಅದ್ನೇ ತೋರ್ಸ್ಲಿಲ್ವಲ್ಲ. ಯಾವನೇ ಅವ್ನು ಟೀವಿಯೋನು?"

ನಾನು ಕಪ್ಪಿನ ಮೇಲಿನ ಧೂಳು ಒರೆಸತೊಡಗಿದೆ.

"ಯಾರೋ ಹೊಸಬ್ರು ಅಜ್ಜೀ," ಅಂದಳು ಭೂಮಿಕಾ. "ನಾವೇ ಗೆದ್ದಿದ್ದು."

"ಅಂಗಂತ ನೀನ್ ಹೇಳ್ದ್ರೆ ಆಯ್ತಾ, ನಾನ್ ನೋಡ್ಬ್ಯಾಡ್ವಾ? ಅವ್ನ ನಂಬ್ಕೊಂಡ್ರೆ ಆಗಾಕಿಲ್ಲ. ಮುಂದಿನ್ ವರ್ಸ ನಾನೇ ಬತ್ತೀನಿ. ಮುಂದ್ಗಡೆ ಕೂರ್ಸು ನನ್ನ."

ಭೂಮಿಕಾ ಮಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಮುಖಕ್ಕೆಲ್ಲ ಕೆಸರಾಯಿತು. ಇದೆಲ್ಲ ನನ್ನ ಪ್ರಸಾರದ ಫಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಈ ವರ್ಷದ ಪಂದ್ಯಾವಳಿ ಹೋದ ಭಾನುವಾರ ಮುಗಿಯಿತು. ಜಯರಾಮಯ್ಯನವರು ನನ್ನನ್ನು ಕರೆಯಲಿಲ್ಲ, ಸ್ಲೇಟನ್ನು ಮರಳಿ ಕರೆದಿದ್ದರು. ಕ್ಯಾಮೆರಾವೂ ಲಾರಿಯಿಂದ ಇಳಿದು ಟ್ರೈಲರಿಗೆ ಬಂದಿತ್ತು. ಮುನಿಕೃಷ್ಣಪ್ಪನವರು ತಮ್ಮ ಕುರ್ಚಿಯನ್ನು ಹನುಮಕ್ಕನವರಿಗೇ ಬಿಟ್ಟುಕೊಟ್ಟು ಪೆಂಡಾಲಿನ ನೆರಳಿಗೆ ಸರಿದರು. ಅಜ್ಜಿಯನ್ನು ರಾಯಕೋಟೆಯಿಂದ ಕರೆತಂದು, ಪಕ್ಕದಲ್ಲಿ ಕೂತು, ಯಾವುದನ್ನೂ ಮುಟ್ಟದೆ ಇರುವುದು ಭೂಮಿಕಾ ನನಗೆ ವಹಿಸಿದ ಜವಾಬ್ದಾರಿ. ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ಯಾವುದನ್ನೂ ಮುಟ್ಟಲಿಲ್ಲ. ಆದರೆ ಭೂಮಿಕಾ ಗೆರೆ ದಾಟಿದ ಕೂಡಲೇ ನನ್ನ ಕಾಲುಗಳು ತಾವಾಗಿ ಎದ್ದು ನಿಂತವು. ಅಜ್ಜಿ ಅಂಗಿ ಹಿಡಿದು ಜಗ್ಗಿ, "ಕೂತ್ಕಳಪ್ಪ ಅಳಿಮಯ್ಯ," ಅಂದದ್ದು ನೆನಪಿದೆ. ಕೂತದ್ದು ನೆನಪಿಲ್ಲ. ನಮ್ಮವರು ಈ ಸಲವೂ ಗೆದ್ದರು. ಹನುಮಕ್ಕ ಕೋಲು ಊರಿಕೊಂಡು ಅಂಕಣದೊಳಗೇ ಹೋಗಿ, ಮೊಮ್ಮಗಳ ಮೈಮೇಲಿನ ಮಣ್ಣನ್ನು ಸೆರಗಿನಲ್ಲಿ ಒರೆಸಿದರು. ಸುತ್ತಲಿನವರಿಗೆಲ್ಲ ಕೇಳುವಂತೆ, ಇದು ನಾನು ಸಾಕಿದ ಹುಡುಗಿ ಎಂದರು.

ಸಂಜೆ ನಮ್ಮ ಮನೆಯಲ್ಲಿ ಮೂವರೂ ಕೂತು ಮರುಪ್ರಸಾರ ಹಾಕಿದೆವು. ಸ್ಲೇಟು ಬಂತು, ಸ್ಲೇಟು ಸರಿಯಿತು. ಅದರ ಹಿಂದೆ ಒಂದು ತಲೆ. ನೆತ್ತಿಯಲ್ಲಿ ಎರಡು ಸುಳಿ. ನನ್ನ ತಲೆಯನ್ನು ಹಿಂದಿನಿಂದ ನೋಡಿದ್ದು ನನಗದೇ ಮೊದಲು. ತಲೆಯ ಎಡಕ್ಕೆ ಭೂಮಿಕಾಳ ಒಂದು ಕಾಲು ಹೋಯಿತು, ಬಲಕ್ಕೆ ಎರಡು ಕಾಲು ಬಂದವು. ಕೊನೆಯ ರೈಡಿನವರೆಗೂ ಹೀಗೇ.

ಅಜ್ಜಿ ಬಹಳ ಹೊತ್ತು ಸಹಿಸಿಕೊಂಡು ನೋಡಿದರು.

"ಹೋದ್ವರ್ಸದೋನೇ ವಾಸಿ ಕಣೇ ಮಗಾ," ಅಂದರು ಕೊನೆಗೆ. "ಅವ್ನು ಮೂರ್ ಮೂರ್ ಸಲಾನಾದ್ರೂ ತೋರ್ಸ್ದ. ಇವ್ರು ಬರೀ ನಮ್ಮಳಿಮಯ್ಯನ ತಲೆ ತೋರ್ಸ್ತಾ ಅವ್ರೆ. ಆ ಹುಡ್ಗ ಎಲ್ಲವ್ನೆ, ಹುಡುಕ್ಸಿ ಮುಂದಿನ್ ವರ್ಸಕ್ಕೆ ಅವ್ನನ್ನೇ ಕರೀರಿ."

"ಹುಡುಕ್ತೀನಿ ಅಜ್ಜೀ," ಅಂದಳು ಭೂಮಿಕಾ.

ಟೀವಿಯಲ್ಲಿ ತಲೆ ಇನ್ನೂ ಅಲ್ಲೇ ನಿಂತಿತ್ತು.