ಅತ್ತೆಯವರ ಹಿಮಕ್ಕೆ ನನ್ನ ಟೈರು

ಟೈರುಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಪಶ್ಚಿಮ ಆಸ್ಟ್ರೇಲಿಯಾದ ಒಂದು ಗಣಿಯಲ್ಲಿ ಅದಿರು ಹೊರುವ ದೈತ್ಯ ಲಾರಿಗಳ ಟೈರುಗಳಿಗೆ ನಾನೇ ಉಸ್ತುವಾರಿ. ಒಂದೊಂದು ಟೈರೂ ಪರ್ತ್‌ನ ವಿಲೆಟನ್‌ನಲ್ಲಿರುವ ನಮ್ಮ ಮನೆಯ ಸೂರಿಗಿಂತ ಎತ್ತರ. ಅಂಥ ಟೈರಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ನಮ್ಮ ಹಾಲ್‌ನಲ್ಲಿ ತೂಗುತ್ತಿದೆ. ಟೈರು ಬಹಳ ಚೆನ್ನಾಗಿ ಬಂದಿದೆ, ನನ್ನನ್ನು ಮಾತ್ರ ಹುಡುಕಬೇಕು. ಇಂಥ ನನಗೆ ಮನೆಯ ಎಸ್‌ಯುವಿಗೆ ನಾಲ್ಕು ಟೈರು ಆರಿಸುವುದು ಯಾವ ಲೆಕ್ಕ!

ಇದೆಲ್ಲ ಶುರುವಾದದ್ದು ನಮ್ಮ ಅತ್ತೆಯವರಿಂದ. ಅವರು ಚಳ್ಳಕೆರೆಯಲ್ಲಿ ಭೂಗೋಳದ ಮೇಡಂ ಆಗಿ ನಿವೃತ್ತರಾದವರು. ಆ ಊರಿನ ಬಿಸಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತಾ, ತಲೆಮಾರುಗಟ್ಟಲೆ ಮಕ್ಕಳಿಗೆ ಹಿಮನದಿಯ ಪಾಠ ಮಾಡಿದವರು. ಶಾಲೆಯ ಔಷಧಿ ಪೆಟ್ಟಿಗೆಯಿಂದ ಹತ್ತಿ ತೆಗೆದು, "ಹಿಮ ಅಂದರೆ ಹೀಗಿರುತ್ತೆ, ಮುಟ್ಟಿ ನೋಡಿ" ಎಂದು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರಂತೆ. ಅವರು ಮಾತ್ರ ಹಿಮವನ್ನು ಕಣ್ಣಾರೆ ಕಂಡಿರಲಿಲ್ಲ.

ಆಸ್ಟ್ರೇಲಿಯಾಕ್ಕೆ ಬಂದ ಅವರು ಮೊದಲು ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ, ದೊಡ್ಡ ಮಗಳ ಮನೆಯಲ್ಲಿದ್ದರು. ಅಲ್ಲಿ ನನ್ನ ಷಡ್ಡಕ ಪ್ರಸನ್ನ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತಿಮಿಂಗಿಲ ತೋರಿಸಿದ್ದ. ಷಡ್ಡಕ ಅಂದಮೇಲೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಮನೆಗೆ ಅಳಿಯಂದಿರಾದ ತಪ್ಪಿಗೆ ಜೀವನಪರ್ಯಂತ ಒಂದೇ ಓಟದ ಪಂದ್ಯದಲ್ಲಿ ಓಡಬೇಕಾದವರು ನಾವು. ಅತ್ತೆ ನಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಿಮಿಂಗಿಲದ ಕಥೆ ಆರಂಭಿಸಿದರು. ಬಾಲದಿಂದ ತಲೆಯವರೆಗೂ ಹೇಳಿದರು.

"ಅತ್ತೆ, ನಿಮಗೆ ಇನ್ನೇನು ನೋಡಬೇಕು ಹೇಳಿ" ಎಂದೆ.

"ಅಯ್ಯೋ, ನಂಗೇನೂ ಬೇಡಪ್ಪ" ಎಂದವರು, ಚಪ್ಪಲಿ ಕಳಚುತ್ತಾ, "ಹಿಮ ಒಂದು ನೋಡ್ಬೇಕು ಅಂತ ಇತ್ತು. ಈ ಕಡೆ ಬೀಳಲ್ಲ ಅನ್ಸತ್ತೆ, ಬಿಡಿ" ಎಂದರು.

ಬಿಡುವುದೆಂದರೇನು! ಪರ್ತ್‌ನಿಂದ ಅರ್ಧ ದಿನದ ದಾರಿಯಲ್ಲಿ ಬ್ಲಫ್ ನೋಲ್ ಎಂಬ ಬೆಟ್ಟವಿದೆ. ಚಳಿಗಾಲದಲ್ಲಿ ಎಂದೋ ಒಮ್ಮೆ ಅದರ ನೆತ್ತಿಯ ಮೇಲೆ ಹಿಮ ಬೀಳುತ್ತದೆ, ಬಿದ್ದದ್ದು ಊಟದ ಹೊತ್ತಿಗೆ ಕರಗುತ್ತದೆ. ಆದರೂ ಹಿಮ ಹಿಮವೇ. ಅತ್ತೆಯವರು ಊರಿಗೆ ಮರಳುವ ಮೊದಲು ಹಿಮ ಬೀಳುವ ಸುದ್ದಿ ಬಂದರೆ ಅದೇ ದಿನ ಹೊರಟು ತೋರಿಸುವುದೆಂದು ನಿಶ್ಚಯಿಸಿದೆ. ಹಿಮದಲ್ಲಿ ಗಾಡಿ ಜಾರಬಾರದಲ್ಲ, ಆದ್ದರಿಂದ ಚಳಿಗಾಲದ ಟೈರು ಬೇಕು. ಕೆನಡಾದ ಯಾರೋ ಗಡ್ಡದವನು ವಿಡಿಯೋದಲ್ಲಿ ಹೇಳಿದ ಪ್ರಕಾರ ಅವಕ್ಕೆ ಬೇರೆ ಚಕ್ರಗಳೂ, ಅಂದರೆ ಟೈರು ಕೂರುವ ಲೋಹದ ರಿಮ್ಮುಗಳೂ, ಬೇಕು. ಚಳಿಗಾಲಕ್ಕೊಂದು ಜೊತೆ, ಬೇಸಿಗೆಗೊಂದು ಜೊತೆ, ಉಡುಪು ಬದಲಿಸಿದಂತೆ ಬದಲಿಸಬೇಕಂತೆ.

"ಅಪ್ಪಾ, ಇಟ್ಸ್ ಟ್ವೆಂಟಿ ಡಿಗ್ರೀಸ್ ಔಟ್‌ಸೈಡ್" ಎಂದಳು ಮಗಳು ದಿಯಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೆಂಡತಿ ಸುಧಾ ಬಟ್ಟೆ ಒಣಗಿಸುತ್ತಿದ್ದವಳು ಸೂರ್ಯನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ರೀ, ಇಲ್ಲಿ ಯಾರಾದ್ರೂ ಆ ಟೈರ್ ಹಾಕ್ಸಿರೋದು ನೋಡಿದೀರಾ?"

"ಜನರಿಗೆ ಮುನ್ನೆಚ್ಚರಿಕೆ ಇಲ್ಲದಿದ್ರೆ ನಾನೇನು ಮಾಡ್ಲಿ?" ಎಂದೆ.

ಕ್ಯಾನಿಂಗ್ಟನ್‌ನ ಟೈರು ಅಂಗಡಿಯಲ್ಲಿ ಕೇಳಿದರೆ ಅಂಗಡಿಯಾತ ಸಂತೋಷದಿಂದ ನಕ್ಕು, ಪಕ್ಕದವನನ್ನೂ ಕರೆದು ಇನ್ನೊಮ್ಮೆ ಹೇಳಿಸಿದ. ಪರ್ತ್‌ನಲ್ಲಿ ಅಂಥ ಟೈರೇ ಇರಲಿಲ್ಲ. ಕೊನೆಗೆ ಅಡಿಲೇಡ್‌ನ ವ್ಯಾಪಾರಿಯೊಬ್ಬ ತರಿಸಿಕೊಡಲು ಒಪ್ಪಿದ. ಚಕ್ರಕ್ಕೆ ಎಷ್ಟು ತೂತು ಎಂದು ಫೋನಿನಲ್ಲಿ ಕೇಳಿದ. ಐದು ಎಂದೆ. ತೂತಿಗೂ ತೂತಿಗೂ ನಡುವಿನ ಅಂತರ ಎಷ್ಟು ಎಂದು ಕೇಳಲು ಹೊರಟವನನ್ನು ಅರ್ಧದಲ್ಲೇ ತಡೆದು, "ನಾನು ಟೈರ್ ಇಂಜಿನಿಯರು" ಎಂದು ತಿಳಿಸಿದೆ. ಪಾಪ, ಸುಮ್ಮನಾದ.

ಟೈರು ಮತ್ತು ಚಕ್ರಗಳು ಬೇರೆ ಬೇರೆಯಾಗಿ, ಮರುಭೂಮಿ ದಾಟಿ, ಲಾರಿಯಲ್ಲಿ ಆಗಮಿಸಿದವು. ಮನೆಯವರೆಲ್ಲರ ಸಮಕ್ಷಮದಲ್ಲಿ ಎಸ್‌ಯುವಿಗೆ ಜ್ಯಾಕ್ ಕೊಟ್ಟು, ಹಳೆಯ ಚಕ್ರ ಬಿಚ್ಚಿ, ಹೊಸ ಚಕ್ರವನ್ನು ಎತ್ತಿ ಹಿಡಿದೆ. ಗಾಡಿಯ ಕಡೆ ಐದು ಬೋಲ್ಟು. ಚಕ್ರದಲ್ಲಿ ಐದು ತೂತು. ಒಂದಕ್ಕೊಂದು ಮುಖ ಕೊಟ್ಟು ಮಾತಾಡಲು ಮಾತ್ರ ಸಿದ್ಧವಿರಲಿಲ್ಲ. ತಿರುಗಿಸಿದೆ, ತಳ್ಳಿದೆ, ಒಮ್ಮೆ ಒದ್ದೂ ನೋಡಿದೆ. ಅದು ಬೇರೆ ಯಾವುದೋ ಕಂಪನಿಯ ಗಾಡಿಗೆ ಹುಟ್ಟಿದ ಚಕ್ರ.

"ಹೋಗ್ಲಿ ಬಿಡಿ" ಎಂದರು ಅತ್ತೆ. ಸಂಜೆಯೊಳಗೆ ಅವರು ಒಂದು ಚಕ್ರವನ್ನು ಹಿತ್ತಲಿನ ಕರಿಬೇವಿನ ಗಿಡದ ಸುತ್ತ ಪಾತಿಯಂತೆ ಇಟ್ಟು ನೀರು ಹಾಕಿಯೂ ಆಗಿತ್ತು. ಆಸ್ಟ್ರೇಲಿಯಾದಲ್ಲಿ ಮಿಶ್ರಲೋಹದ ಕಟ್ಟೆ ಇರುವ ಕರಿಬೇವು ನಮ್ಮ ಮನೆಯಲ್ಲಿ ಮಾತ್ರ ಇರಬಹುದು.

ಟೈರುಗಳಾದರೂ ಅಳತೆಗೆ ಸರಿಯಾಗಿದ್ದವು. ಅವನ್ನು ನಮ್ಮ ಹಳೆಯ ಚಕ್ರಗಳಿಗೇ ಹಾಕಿಸಬಹುದಿತ್ತು. ಆದರೆ ಹೊಸ ಟೈರು ಪೂಜೆಯಿಲ್ಲದೆ ರಸ್ತೆಗಿಳಿಯುವುದು ಅತ್ತೆಯವರಿಗೆ ಒಪ್ಪಿಗೆಯಾಗಲಿಲ್ಲ. ಗ್ಯಾರೇಜಿನ ನೆಲದ ಮೇಲೆ ನಾಲ್ಕನ್ನೂ ಮಲಗಿಸಿ, ಸುತ್ತ ಓಡಾಡಿ ಪರೀಕ್ಷಿಸಿದರು.

"ಇದೇನಿದು, ಟೈರಿನ ಮೇಲೆ ಬಾಣದ ಗುರುತು?"

ನಮ್ಮ ಗಣಿಯ ಟೈರುಗಳಲ್ಲಿ ಅಂಥ ಬಾಣ ನಾನು ಕಂಡಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ನನಗಿರಲಿಲ್ಲ. "ಅದು ಕಂಪನಿಯವರ ಅಲಂಕಾರ ಅತ್ತೆ" ಎಂದೆ.

"ಅಲಂಕಾರ ಆದ್ರೂ ಇದು ಅಪ್ರದಕ್ಷಿಣವಾಗಿ ಹೋಗ್ತಿದೆಯಲ್ಲ. ಮಗ್ಗುಲು ತಿರುಗಿಸಿ ಹಾಕಿ."

ತಿರುಗಿಸಿದೆ. ಈಚೆ ಮಗ್ಗುಲಿನ ಬಾಣ ಪ್ರದಕ್ಷಿಣವಾಗಿ ಹೋಗುತ್ತಿತ್ತು. ನಾಲ್ಕೂ ಟೈರುಗಳನ್ನು ಹಾಗೇ ಪ್ರದಕ್ಷಿಣಕ್ಕೆ ಬರುವಂತೆ ಮಲಗಿಸಿದ ಮೇಲೆ ಅತ್ತೆಯವರಿಗೆ ಸಮಾಧಾನವಾಯಿತು. ಗಟ್ಟಿಯಾಗಿ ಅರಿಶಿನ ಕಲಸಿ ಬಾಣದ ಮೇಲೆಯೇ ಬಳಿದು, ಅದರ ಮೇಲೆ ಕುಂಕುಮ ಇಟ್ಟು, ಹೂವೇರಿಸಿ ಮಂಗಳಾರತಿ ಮಾಡಿದರು. ನಾನು ಭಕ್ತಿಯಿಂದ ಗಂಟೆ ಬಾರಿಸಿದೆ.

ಟೈರುಗಳನ್ನು ಹಾಕಿಸಲು ಕ್ಯಾನಿಂಗ್ಟನ್‌ಗೆ ಒಯ್ದಾಗ ಅಂಗಡಿಯಾತ ಈ ಸಲ ನಗಲಿಲ್ಲ. ಅರಿಶಿನ ಕುಂಕುಮ ನೋಡಿ ಬಹಳ ಗಂಭೀರನಾದ. "ಗುರುತುಗಳನ್ನು ನೋಡಬೇಕಲ್ಲ, ಸ್ವಲ್ಪ ಒರೆಸಲೇ?" ಎಂದು ವಿನಯದಿಂದ ಕೇಳಿದ. ನಾನು ಅವನ ಕೈ ತಡೆದೆ.

"ಒರೆಸಬಾರದು. ಇದು ನಮ್ಮ ಸಂಪ್ರದಾಯ. ಕುಂಕುಮ ಇರುವ ಕಡೆ ಹೊರಗೆ ಬರಲಿ, ಅಷ್ಟು ಸಾಕು. ನಾನು ಟೈರ್ ಇಂಜಿನಿಯರು."

ಅವನು ಕುಂಕುಮ ಇರುವ ಕಡೆಯನ್ನೇ ಹೊರಗೆ ಬರುವಂತೆ ಹಾಕಿಕೊಟ್ಟ.

ಅತ್ತೆಯವರು ಊರಿಗೆ ಹೊರಡುವ ವಾರ ಬಂದೇಬಿಟ್ಟಿತು. ಪೆಟ್ಟಿಗೆಗಳ ತೂಕ ನೋಡುತ್ತಿದ್ದಾಗ ರೇಡಿಯೋದಲ್ಲಿ ಸುದ್ದಿ ಬಂತು: ಬ್ಲಫ್ ನೋಲ್ ಮೇಲೆ ನಾಳೆ ಬೆಳಿಗ್ಗೆ ಹಿಮ ಬೀಳುವ ಸಂಭವ. ಅತ್ತೆ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಸ್ವೆಟರ್ ತೆಗೆದು ಕುರ್ಚಿಯ ಮೇಲೆ ಮಡಿಸಿಟ್ಟುಕೊಂಡರು. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಪ್ರಸನ್ನನ ತಿಮಿಂಗಿಲವೆಲ್ಲ ಆ ಕ್ಷಣಕ್ಕೆ ಮರೆತುಹೋಗಿ, ಇವರಿಗೆ ಹಿಮ ಸಿಗದಿದ್ದರೆ ಹೇಗೆ ಎಂಬುದೊಂದೇ ಉಳಿಯಿತು.

ಬೆಳಗಾಗುತ್ತಲೇ ಹೊರಟೆವು. ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಊರು ದಾಟಿದ್ದೇ ತಡ, ಗಾಡಿ ಹೂಂಕರಿಸಲು ಶುರುಮಾಡಿತು. ವೇಗ ಹೆಚ್ಚಿದಂತೆ ಹೂಂಕಾರವೂ ಹೆಚ್ಚಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ, "ನಮ್ಮ ಚಳ್ಳಕೆರೆ ಬಸ್ಸಲ್ಲಿ ಕೂತ ಹಾಗಿದೆ" ಎಂದು ಸಂತೋಷಪಟ್ಟರು. "ವಿಂಟರ್ ಟೈರ್ ಅಂದ್ರೆ ಹಾಗೇ, ಹಿಡಿತ ಜಾಸ್ತಿ" ಎಂದು ವಿವರಿಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಮೊದಲ ತಿರುವಿನಲ್ಲೇ ಗಾಡಿ ಒಂದಿಷ್ಟು ಪಕ್ಕಕ್ಕೆ ಸರಿಯಿತು. ಹಿಡಿತ ಜಾಸ್ತಿಯಾದದ್ದು ಸ್ಟೀರಿಂಗ್ ಮೇಲೆ ನನ್ನ ಕೈಗಳದ್ದು.

ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ನಿಲ್ಲಿಸಿದೆ. ಸುಧಾ ಕಾಲು ಸಡಿಲಿಸಲು ಇಳಿದವಳು ಎಡಗಡೆಯ ಚಕ್ರದ ಮುಂದೆ ನಿಂತುಬಿಟ್ಟಳು. ಮಳೆಗೆ ಅರಿಶಿನ ಕುಂಕುಮವೆಲ್ಲ ತೊಳೆದುಹೋಗಿತ್ತು.

"ರೀ, ಈ ಬಾಣ ಯಾಕೆ ಹಿಂದಕ್ಕೆ ತೋರಿಸ್ತಿದೆ?"

"ಅಲಂಕಾರ..." ಎಂದೆ.

"ಅಲಂಕಾರದ ಪಕ್ಕದಲ್ಲಿ 'ತಿರುಗುವ ದಿಕ್ಕು' ಅಂತ ಇಂಗ್ಲಿಷಲ್ಲಿ ಬರ್ದಿದಾರಲ್ರೀ."

ನಾಲ್ಕೂ ಚಕ್ರಗಳಿಗೆ ಒಂದು ಸುತ್ತು ಬಂದೆ, ಪ್ರದಕ್ಷಿಣವಾಗಿಯೇ. ಗಡಿಯಾರದ ಮುಳ್ಳಿನಂತೆ ಹೋಗುವ ಬಾಣ ಗಾಡಿಯ ಬಲಗಡೆಗೆ ಸರಿ. ಎಡಗಡೆಗೆ ಅದೇ ಬಾಣ ಹಾಕಿದರೆ ತಿರುವುಮುರುವು. ಅಂದರೆ ನಮ್ಮ ಗಾಡಿಯ ಬಲಗಡೆಯ ಟೈರುಗಳು ಬೆಟ್ಟಕ್ಕೆ ಹೊರಟಿದ್ದವು, ಎಡಗಡೆಯವು ವಿಲೆಟನ್‌ಗೆ ವಾಪಸು ಹೊರಟಿದ್ದವು. ಹಳೆಯ ಟೈರುಗಳು ಮನೆಯ ಗ್ಯಾರೇಜಿನಲ್ಲಿ ಒಣಗಿಕೊಂಡು ಸುಖವಾಗಿದ್ದವು.

"ತಿರುಗಿ ಹೋಗೋಣ್ವಾ?" ಎಂದು ಸುಧಾ ಮೆಲ್ಲಗೆ ಕೇಳಿದಳು. ಗಾಡಿಯೊಳಗೆ ಅತ್ತೆ ಆಗಲೇ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಮುಂದಿನ ದಾರಿಯನ್ನು ಮದುವೆ ದಿಬ್ಬಣದಂತೆ ನಿಧಾನವಾಗಿ ಕ್ರಮಿಸಿದೆವು. ಕುರಿ ತುಂಬಿದ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು. ಕುರಿಗಳು ಬಹಳ ಹೊತ್ತು ನಮ್ಮನ್ನೇ ನೋಡುತ್ತಾ ಹೋದವು.

ಬೆಟ್ಟದ ಬುಡ ತಲುಪಿದಾಗ ಮಧ್ಯಾಹ್ನ ಮೀರಿತ್ತು. ಬಿಸಿಲು ಬಂದಿತ್ತು. ಗಾಡಿ ನಿಲ್ಲಿಸುವ ಜಾಗದವರೆಗೂ ನುಣ್ಣನೆಯ ಟಾರು ರಸ್ತೆ, ಒಂದು ಚೂರೂ ಹಿಮವಿಲ್ಲ. ಅಲ್ಲಿಂದ ನೆತ್ತಿಗೆ ಕಾಲುದಾರಿ, ಮೆಟ್ಟಿಲು ಮೆಟ್ಟಿಲಾಗಿ, ಗಂಟೆಗಟ್ಟಲೆ ಹತ್ತಬೇಕು. ಹಿಮ ಬೀಳುವುದಿದ್ದರೆ ಅಲ್ಲಿ, ಮೋಡದೊಳಗೆ. ಅಂದರೆ ಇಡೀ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹಿಮ ಇರುವ ಜಾಗಕ್ಕೆ ಯಾವ ಗಾಡಿಯೂ ಹೋಗುವುದಿಲ್ಲ, ಗಾಡಿ ಹೋಗುವ ಜಾಗದಲ್ಲಿ ಹಿಮ ಇರುವುದಿಲ್ಲ. ಮಂಡಿನೋವಿನ ಅತ್ತೆಗೆ ಬೇಕಾಗಿದ್ದದ್ದು ಟೈರಲ್ಲ, ರೆಕ್ಕೆ.

"ಸಾರಿ ಅತ್ತೆ" ಎಂದೆ. ಅಷ್ಟು ದೂರ ಕರೆತಂದು ಅವರಿಗೆ ಪಾರ್ಕಿಂಗ್ ತೋರಿಸಿದ್ದೆ.

"ಬೆಟ್ಟ ಚೆನ್ನಾಗಿದೆಯಲ್ಲ" ಎಂದು ಅವರು ಕಣ್ಣ ಮೇಲೆ ಕೈಯಿಟ್ಟು ನೆತ್ತಿಯನ್ನೇ ನೋಡುತ್ತಾ ನಿಂತರು. ಸ್ವೆಟರಿನ ಗುಂಡಿ ಬಿಚ್ಚಲಿಲ್ಲ.

"ಅಜ್ಜಿ! ಕಮ್ ಹಿಯರ್, ಕ್ವಿಕ್!" ಎಂದು ದಿಯಾ ಆ ತುದಿಯಿಂದ ಕೂಗಿದಳು.

ಅಲ್ಲೊಂದು ಹಳೆಯ ಚಿಕ್ಕ ಕಾರು ನಿಂತಿತ್ತು. ಬೆಟ್ಟ ಇಳಿದು ಬಂದ ಮಧ್ಯವಯಸ್ಕ ಗಂಡಹೆಂಡತಿ ನೆತ್ತಿಯಿಂದ ತಮ್ಮ ಊಟದ ಡಬ್ಬಿಗಳಲ್ಲಿ ಹಿಮ ತುಂಬಿಕೊಂಡು ಬಂದು, ಕಾರಿನ ಬಾನೆಟ್ ಮೇಲೆ ಗೇಣುದ್ದದ ಹಿಮದ ಗೊಂಬೆ ಮಾಡಿ ಕೂರಿಸಿದ್ದರು. ಅಭ್ಯಾಸಬಲದಿಂದ ನಾನು ಮೊದಲು ಅವರ ಟೈರು ನೋಡಿದೆ. ನನ್ನ ತಲೆಯಷ್ಟೇ ಬೋಳಾಗಿದ್ದವು.

ದಿಯಾ ಅವರಿಗೆ ಏನು ಹೇಳಿದಳೋ, ಆ ಹೆಂಗಸು ಗೊಂಬೆಯ ಹೊಟ್ಟೆಯಿಂದಲೇ ಒಂದು ಹಿಡಿ ತೆಗೆದು ಅತ್ತೆಯವರ ಬೊಗಸೆಗೆ ಹಾಕಿದಳು. ಅತ್ತೆ ಬೆರಳಿನಿಂದ ಕೆದಕಿದರು, ಮೂಸಿದರು. ಕಣ್ಣು ತುಂಬಿ ಬಂದಿತ್ತು. ನನಗೂ ಬಂದಿತ್ತು, ಅದು ಗಾಳಿಗೆ ಎಂದು ಸುಧಾಗೆ ಹೇಳಿದೆ.

"ಹತ್ತಿ ಥರ ಇಲ್ವೇ ಇಲ್ಲ ಕಣೆ ಸುಧಾ" ಎಂದರು ಕೊನೆಗೆ. "ತೆಂಗಿನಕಾಯಿ ತುರಿ ಥರ ಇದೆ. ಅಷ್ಟು ಮಕ್ಕಳಿಗೂ ತಪ್ಪು ಪಾಠ ಮಾಡ್ಬಿಟ್ಟೆ."

ಅಷ್ಟರಲ್ಲಿ ಅವರಿಗೆ ಏನೋ ನೆನಪಾಯಿತು. ಬೊಗಸೆಯಲ್ಲಿ ಕರಗುತ್ತಿದ್ದ ಹಿಮವನ್ನು ಜೋಪಾನವಾಗಿ ಹಿಡಿದುಕೊಂಡು, ಮಂಡಿನೋವನ್ನೂ ಲೆಕ್ಕಿಸದೆ, ನಮ್ಮ ಎಸ್‌ಯುವಿಯ ಕಡೆ ನಡೆದರು. ಬಾಗಿ, ಎಡಗಡೆಯ ಮುಂದಿನ ಟೈರಿನ ಮೇಲೆ, ಆ ಹಿಮ್ಮುಖ ಬಾಣ ಇದ್ದಲ್ಲಿಯೇ, ಚಿಟಿಕೆಯಷ್ಟು ಹಿಮ ಹಚ್ಚಿದರು.

"ಪಾಪ, ಇದಕ್ಕೇ ಅಂತ ಅಷ್ಟು ದೂರದಿಂದ ಬಂದಿದೆ. ಒಂದ್ಸಲ ಮುಟ್ಟಿಬಿಡ್ಲಿ" ಎಂದರು.