ಮಡಿಯಲ್ಲಿ ಕುಳಿತ ಫೋನು

ವಿಠ್ಠಲರಾಯರು ಅಂತರ್ಜಾಲದ ಚದುರಂಗದಲ್ಲಿ ಒಮ್ಮೆಯೂ ಸೋತವರಲ್ಲ. ಗೆದ್ದವರೂ ಅಲ್ಲ. (ಈ ಎರಡನೆಯ ವಾಕ್ಯವನ್ನು ಅವರೆದುರು ಆಡುವ ಧೈರ್ಯ ಇಡೀ ಸೇಡಂ ತಾಲೂಕಿನಲ್ಲಿ ಒಬ್ಬರಿಗೇ ಇತ್ತು. ಆಕೆ ಅವರ ಹೆಂಡತಿ.) ಗೆಲುವು ಇನ್ನೇನು ಬಂದು ತೊಡೆಯ ಮೇಲೆ ಕೂರಬೇಕು, ಅಷ್ಟರಲ್ಲಿ ಕಂಪ್ಯೂಟರಿನ ಪರದೆ ಮರಗಟ್ಟಿ, ಸಂಪರ್ಕ ಕಡಿದುಹೋಗಿದೆ ಎಂಬ ಸಂತಾಪ ಸೂಚಕ ಸಂದೇಶ ಮೂಡುತ್ತಿತ್ತು.

ಅದು ಬ್ರಾಡ್‌ಬ್ಯಾಂಡ್ ಸೇಡಂ ಕಡೆಗೆ ಇನ್ನೂ ತಲೆಹಾಕದ ಕಾಲ. ಇಂಟರ್ನೆಟ್ ಎಂಬುದು ಮನೆಯ ಟೆಲಿಫೋನ್ ತಂತಿಯಲ್ಲೇ ನುಸುಳಿಕೊಂಡು ಬರಬೇಕು. ಮೋಡೆಮ್ ಎಂಬ ಸಣ್ಣ ಡಬ್ಬಿ ಮೊದಲು ತಾನೇ ನಂಬರು ತಿರುಗಿಸಿ, ಆಮೇಲೆ ಕೀಂಯ್ ಎಂದು ಕಿರುಚಿ, ಗರ್ರ್ ಎಂದು ಗಂಟಲು ಸರಿಮಾಡಿಕೊಂಡು, ಮನಸ್ಸಾದರೆ ಸಂಪರ್ಕ ದಯಪಾಲಿಸುತ್ತಿತ್ತು. (ಮೂಡಿನ ಮೇಲೆ ನಡೆಯುವುದರಿಂದಲೇ ಅದು ಮೋಡೆಮ್ ಎಂದು ರಾಯರು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದರು. ನಕ್ಕವರೂ ಅವರೊಬ್ಬರೇ.) ಮೊದಲ ದಿನ ಆ ಆರ್ತನಾದ ಕೇಳಿ ಅವರ ತಾಯಿ ಸೀತಾಬಾಯಿ ಜಪಮಾಲೆ ಹಿಡಿದುಕೊಂಡೇ ಓಡಿ ಬಂದಿದ್ದರು.

"ಏ ವಿಠ್ಠಲಾ, ಬೆಕ್ಕಿನ ಬಾಲದ ಮ್ಯಾಲ ಕುರ್ಚಿ ಇಟ್ಟೀ ಏನೋ?"

"ಇದು ಬೆಕ್ಕಲ್ಲವ್ವಾ, ಇಂಟರ್ನೆಟ್ಟು!"

"ಏನರ ಇರಲಿ, ಮೊದಲು ಅದರ ಬಾಲಾ ಬಿಡು."

ಮನೆಯಲ್ಲಿದ್ದದ್ದು ಒಂದೇ ಫೋನು. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯ ಗೂಡಿನಲ್ಲಿ ಅದರ ವಾಸ. ಆಟ ನಡೆಯುವಾಗ ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಹರಿದುಹೋಗುತ್ತದೆ ಎಂಬುದು ಭೌತಶಾಸ್ತ್ರದ ಉಪನ್ಯಾಸಕರಾದ ರಾಯರಿಗೆ ಗೊತ್ತಿತ್ತು. ಆದ್ದರಿಂದ, ಭಾನುವಾರ ಬೆಳಿಗ್ಗೆ ಫೋನನ್ನು ಯಾರೂ ಮುಟ್ಟಕೂಡದು ಎಂದು ಅವರು ಆಜ್ಞೆ ಹೊರಡಿಸಿದ್ದರು. ತಾವು ಆಜ್ಞೆ ಮಾಡಿದ ಮೇಲೆ ಮನೆಯಲ್ಲಿ ಅದು ಪಾಲನೆಯಾಗುತ್ತದೆ ಎಂದು ನಂಬಿದ್ದರು. ಅವರು ಅಷ್ಟು ಮುಗ್ಧರು.

ಎದುರಾಳಿ ಬೇರೆ ಯಾರಲ್ಲ, ಹೆಂಡತಿ ಪದ್ಮಜಾಳ ತಮ್ಮ ಅಭಯ. ಹೈದರಾಬಾದಿನ ವಿಮಾ ಕಚೇರಿಯಲ್ಲಿ ನೌಕರಿ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಕ್ಕ-ತಮ್ಮ ಇಬ್ಬರೂ ಅಪ್ಪನ ಮುಂದೆ ಕೂತು ಚದುರಂಗ ಕಲಿತವರು. ಆದರೆ ಪದ್ಮಜಾ ಮದುವೆಯಾದ ಮೇಲೆ ಆಡುವುದನ್ನು ಬಿಟ್ಟು ಆಡಿಸುವುದನ್ನು ಹಿಡಿದಿದ್ದಳು.

ಇಬ್ಬರ ನಡುವೆ ಪಂದ್ಯ ಕಟ್ಟಿದ್ದು ದೀಪಾವಳಿಯ ಫರಾಳದ ತಿಂಡಿಗಳ ಮುಂದೆ. ಎಳ್ಳಮಾವಾಸ್ಯೆಗೆ ಚಿಮ್ಮನಚೋಡದ ಹೊಲದಲ್ಲಿ ಇಡೀ ಬಳಗ ಸೇರುವುದು ರೂಢಿ. ವಾಡಿ, ಚಿತ್ತಾಪುರ, ಶಹಾಬಾದ ಎಲ್ಲ ಕಡೆಯಿಂದ ಗಂಟು ಕಟ್ಟಿಕೊಂಡು ಬರುತ್ತಾರೆ. ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಅಷ್ಟರೊಳಗೆ ಯಾರು ಒಂದು ಆಟ ಸೋಲುತ್ತಾರೋ ಅವರು ಹೊಲದಲ್ಲಿ ಒಲೆಯ ಮುಂದೆ ಕೂತು, ಸಮಸ್ತ ಬಳಗಕ್ಕೂ ಸ್ವಹಸ್ತದಿಂದ ಸಜ್ಜೆ ರೊಟ್ಟಿ ಬಡಿಯಬೇಕು. ಹೆಂಗಸರೆಲ್ಲ ಕೂತು ಉಣ್ಣಬೇಕು.

"ಲೈನ್ ತಾನಾಗಿ ಕಡದ್ರ ಆಟ ರದ್ದು ಭಾವಾರ," ಎಂದಿದ್ದ ಅಭಯ. "ಕೈಯಾರೆ ಕಡದ್ರ ಸೋಲು. ನಮ್ಮ ಮನ್ಯಾಗ ಎರಡು ಲೈನ್ ಅವ. ಆಟ ನಿಂತ ಕೂಡ್ಲೇ ಇನ್ನೊಂದರಿಂದ ನಿಮಗ ಫೋನ್ ಹಚ್ಚತೀನಿ. ಗಂಟಿ ಬಾರಿಸ್ತು ಅಂದ್ರ ನಿಮ್ಮ ಲೈನ್ ಸರಿ ಅದ, ನೀವೇ ಬಂದ್ ಮಾಡೀರಿ ಅಂತ ಅರ್ಥ. ಎಂಗೇಜ್ ಬಂತು ಅಂದ್ರ ಲೈನ್ ಕೆಟ್ಟದ, ಮಾಫಿ."

"ನಾ ಯಾಕ ಬಂದ್ ಮಾಡ್ಲಿ? ಗೆಲ್ಲಾಂವ ಯಾರರ ಬಂದ್ ಮಾಡ್ತಾನೇನು?" ಎಂದು ರಾಯರು ಚಕ್ಕುಲಿಯನ್ನು ಎದುರಾಳಿಯ ಆನೆಯೆಂಬಂತೆ ಮುರಿದಿದ್ದರು.

ಅಂದಿನಿಂದ ಪ್ರತಿ ಭಾನುವಾರವೂ ಇದೇ ಕಥೆ. ಆಟ ರಂಗೇರುವುದು, ಪದ್ಮಜಾ ಚಹಾ ತಂದಿಡುವುದು, ಆಕೆ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿಯುವುದು. ಅಭಯನ ಫೋನಿಗೆ ಎಂಗೇಜ್. ಆಟ ರದ್ದು.

ರಾಯರು ಸಂಶೋಧನೆಗೆ ಇಳಿದರು. ಸಂಪರ್ಕ ಕಡಿದ ಕೂಡಲೇ ಲುಂಗಿ ಎತ್ತಿಕಟ್ಟಿ ಮಾಳಿಗೆಗೆ ಓಡಿ, ತಂತಿಯನ್ನು ಬಿದಿರಿನ ಗಳದಿಂದ ತಿವಿದು ನೋಡುವುದು ಅವರ ವೈಜ್ಞಾನಿಕ ವಿಧಾನ. ಮೊದಲು ಊರ ಸುತ್ತಿನ ಸಿಮೆಂಟ್ ಕಾರ್ಖಾನೆಗಳ ಧೂಳಿನ ಸಿದ್ಧಾಂತ ಮಂಡಿಸಿ, ಕಂಬದಿಂದ ಮನೆಯವರೆಗೆ ತಂತಿಗೆ ಒದ್ದೆ ಬಟ್ಟೆಯಲ್ಲಿ ಅಭ್ಯಂಜನ ಮಾಡಿಸಿದರು. ಅದಾದ ಮೇಲೆ ಕೋತಿಗಳ ಸಿದ್ಧಾಂತ. ಅದು ಕೋತಿಗಳ ಅಸಹಕಾರದಿಂದ ಬಿದ್ದುಹೋಯಿತು, ಆ ತಿಂಗಳು ಒಂದೂ ಬರಲಿಲ್ಲ. ಕಡೆಗೆ ಲೈನ್‌ಮನ್ ಶಂಕರಲಿಂಗನನ್ನು ಕರೆಸಿದರು. ಆತ ಕಂಬವನ್ನು ಕೆಳಗಿನಿಂದಲೇ ದಿಟ್ಟಿಸಿ, ಚಹಾ ಕುಡಿದು, ಇನ್ನೊಮ್ಮೆ ದಿಟ್ಟಿಸಿದ.

"ಸರ್, ಇದು ಲೈನಿಂದು ಅಲ್ರಿ. ಹವಾದ್ದು."

"ಹವಾ ಏನ್ ಮಾಡ್ತದಪಾ?"

"ಹವಾ ಏನ್ ಬೇಕಾದ್ರೂ ಮಾಡ್ತದ್ರಿ. ಹೋದ ವರ್ಷ ನಮ್ಮ ಕೊಟಗಿ ತಗಡ ಹಾರಿಸ್ಕೊಂಡು ಹೋಗ್ಯಾದ."

ಆದರೂ ರಾಯರ ಒತ್ತಾಯಕ್ಕೆ ಇದ್ದ ತಂತಿಯನ್ನೆಲ್ಲ ಬದಲಿಸಿ, ಗೋಡೆಗೆ ಭದ್ರವಾಗಿ ಮೊಳೆ ಬಡಿದು ಹೋದ. ಮರುವಾರ ರಾಯರು ಇನ್ನೇನು ಅಭಯನ ಮಂತ್ರಿಯನ್ನು ಹೊಡೆಯಲು ವ್ಯೂಹ ರಚಿಸುತ್ತಿರುವಾಗ ಪುನಃ ಕಡಿಯಿತು.

ಅಂದು ಅವರ ಲುಂಗಿ ಕುರ್ಚಿಯ ಮೊಳೆಗೆ ಸಿಕ್ಕಿಕೊಂಡಿತು. ಮಾಳಿಗೆಗೆ ಓಡಲಾಗಲಿಲ್ಲ. ಲುಂಗಿ ಬಿಡಿಸಿಕೊಂಡು, ನೀರು ಕುಡಿಯೋಣವೆಂದು ಅಡುಗೆಮನೆಯತ್ತ ಹೋದವರು ಗೂಡಿನ ಮುಂದೆ ಗಕ್ಕನೆ ನಿಂತರು. ರಿಸೀವರ್ ತನ್ನ ಪೀಠದ ಮೇಲಿರಲಿಲ್ಲ. ಪಕ್ಕದಲ್ಲಿ ಅಂಗಾತ ಮಲಗಿತ್ತು!

"ಪದ್ಮಾ! ಇದನ್ನ ಯಾರು ತೆಗದಾರ?"

ಪದ್ಮಜಾ ಉಳ್ಳಾಗಡ್ಡಿ ಹೆಚ್ಚುವುದರಿಂದ ತಲೆ ಎತ್ತಲಿಲ್ಲ. "ಬೆಕ್ಕು ಕೆಡವಿರಬೇಕ್ರಿ."

"ಪ್ರತಿ ಐತವಾರ ಬೆಕ್ಕೇ ಕೆಡವ್ತದೇನು?"

"ಅದಕ್ಕೂ ಐತವಾರ ಸೂಟಿ ಇರತದಲ್ರಿ."

ರಾಯರು ಅಲ್ಲೇ ನಿಂತು ಯೋಚಿಸಿದರು. ಬೆಕ್ಕಾಗಲಿ, ಇಲಿಯಾಗಲಿ, ಮರೆತು ರಿಸೀವರ್ ಎತ್ತುವ ಮನುಷ್ಯ ಮಾತ್ರದವರಾಗಲಿ ಸುಳಿಯಲಾರದ ಜಾಗ ಈ ಮನೆಯಲ್ಲಿ ಯಾವುದು? ಉತ್ತರ ದೇವರ ಕೋಣೆಯಿಂದ ಗಂಟೆಯಾಗಿ ಬಾರಿಸಿತು. ಸೀತಾಬಾಯಿ ಬೆಳಿಗ್ಗೆ ಮಡಿಯುಟ್ಟು ಒಳಗೆ ಕೂತರೆಂದರೆ ಊಟದ ಹೊತ್ತಿನವರೆಗೆ ಅದು ನಿಷಿದ್ಧ ಪ್ರದೇಶ. ಸ್ನಾನವಿಲ್ಲದವರ ನೆರಳು ಹೊಸ್ತಿಲು ಮುಟ್ಟಿದರೂ, "ದೂರ! ದೂರ!" ಎಂಬ ಗರ್ಜನೆ. ಬೆಕ್ಕು ಕೂಡ ಆ ಬಾಗಿಲ ಮುಂದೆ ಬಾಲ ಮಡಚಿಕೊಂಡು ಹೋಗುತ್ತಿತ್ತು.

"ಫೋನ್ ಅವ್ವನ ಮಡಿಯೊಳಗ ಇಡ್ತೀನಿ!" ಎಂದು ರಾಯರು ಘೋಷಿಸಿದರು.

ಈಳಿಗೆಯ ಮೇಲೆ ಆಡುತ್ತಿದ್ದ ಪದ್ಮಜಾಳ ಕೈ ನಿಂತಿತು. "ಬ್ಯಾಡ್ರಿ. ಅದು ಎಲ್ಲಿ ಅದನೋ ಅಲ್ಲೇ ಇರಲಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ."

"ನಿಮ್ಮ ತಮ್ಮ ಸೋಲ್ತಾನಂತ ನಿನಗ ಹೊಟ್ಟಿ ಉರಿ."

"ಹೂಂ, ಅದೇ ನೋಡ್ರಿ," ಎಂದು ಆಕೆ ಉಳ್ಳಾಗಡ್ಡಿಗೆ ಹಿಂತಿರುಗಿದಳು.

ಸೀತಾಬಾಯಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಪ್ಲಾಸ್ಟಿಕ್ಕು ಮಡಿಗೆ ಬರುತ್ತದೋ ಇಲ್ಲವೋ ಎಂಬ ಧರ್ಮಸೂಕ್ಷ್ಮದ ಬಗ್ಗೆ ದೀರ್ಘ ಚರ್ಚೆಯಾಯಿತು. ಫೋನಿಗೆ ಮಂಗಳಸ್ನಾನ ಮಾಡಿಸಬೇಕೆಂದು ಅವರು ತಂಬಿಗೆ ಎತ್ತಿದಾಗ ರಾಯರು ಅಡ್ಡಬಿದ್ದು ತಡೆದರು. ಕಡೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆಯ ಮೇಲೆ ಕೂರಿಸಿ, ಅವರು ತುಳಸಿ ದಳ ಇಟ್ಟ ಮೇಲೆ ಒಪ್ಪಂದ ಮುಗಿಯಿತು. (ಭಗವಂತನಿಗೂ ಭಕ್ತರಿಗೂ ನೇರ ಲೈನು ಸಿಕ್ಕಂತಾಯಿತು ಎಂದು ರಾಯರು ತಮ್ಮ ಜೋಕಿಗೆ ತಾವೇ ನಕ್ಕರು.)

"ಅವ್ವಾ, ನಾ ಆಡೂ ಮುಂದ ಇದನ್ನ ಯಾರಿಗೂ ಮುಟ್ಟಗೊಡಬ್ಯಾಡ. ಪದ್ಮಾ ಬಂದ್ರೂ ಇಲ್ಲ, ಆ ಬ್ರಹ್ಮ ಬಂದ್ರೂ ಇಲ್ಲ. ಖುದ್ದ ನಾನೇ ಬಂದು ಕಾಲು ಹಿಡದ್ರೂ ಕೊಡಬ್ಯಾಡ!"

"ನೀ ಕಾಲು ಹಿಡದ್ರ ನನ್ನ ಮಡಿ ಹೋಗ್ತದ. ಹಿಡಿಯಾಕ ಎಲ್ಲಿ ಬಿಡ್ತೀನಿ?" ಎಂದರು ಸೀತಾಬಾಯಿ.

ಎಳ್ಳಮಾವಾಸ್ಯೆಗೆ ಮುಂಚಿನ ಕೊನೆಯ ಭಾನುವಾರ. ರಾಯರು ಮುಖ ಕೂಡ ತೊಳೆಯದೆ ಕಂಪ್ಯೂಟರಿನ ಮುಂದೆ ಆಸೀನರಾದರು. ಮೋಡೆಮ್ ಕಿರುಚಿತು, ಸಂಪರ್ಕ ಸಿಕ್ಕಿತು. ಎಂಥ ಸಂಪರ್ಕ! ಹೊಸ ತಂತಿ, ಹೊಸ ಮೊಳೆ, ಮೇಲೆ ತುಳಸಿ ದಳ. ಪರದೆ ಸರಸರನೆ ಓಡಿತು. ಇಬ್ಬರಿಗೂ ಇಂತಿಷ್ಟು ಹೊತ್ತೆಂದು ಗೊತ್ತುಮಾಡಿದ ಗಡಿಯಾರ ಪರದೆಯ ಪಕ್ಕದಲ್ಲಿ ಇಳಿಯತೊಡಗಿತು.

ಪದ್ಮಜಾ ಚಹಾ ತಂದಳು. ಪರದೆ ನೋಡಿದಳು. ನೋಡಿ, ಲೋಟ ಇಡದೆಯೇ ಅಭ್ಯಾಸಬಲದಿಂದ ಭರಭರ ಗೂಡಿನ ಕಡೆಗೆ ಹೋಗಿ, ಖಾಲಿ ಗೂಡು ನೋಡಿ, ಹಾಗೆಯೇ ತಿರುಗಿ ಬಂದಳು.

"ಎಲ್ಲಿಗಿ ಹೋಗಿದ್ದಿ?"

"ಫೋನ್ ಎತ್ತಲಾಕ."

ರಾಯರು ಮೌಸು ಬಿಟ್ಟು ಹೆಂಡತಿಯತ್ತ ತಿರುಗಿದರು. "ಅಂದ್ರ... ಬೆಕ್ಕು?"

"ನಾನೇ ರೀ ಬೆಕ್ಕು. ಪ್ರತಿ ಸಲ ನೀವು ಸೋಲೂ ಹೊತ್ತಿಗಿ ಎತ್ತಿಡ್ತಿದ್ದೆ. ನೀವು ಮಾಳಿಗಿ ಹತ್ತಿ ಇಳಿಯೂದ್ರಾಗ ತಿರುಗಿ ಇಡ್ತಿದ್ದೆ."

"ನಾ ಸೋಲೂ ಹೊತ್ತಿಗಿ? ನಾ ಗೆಲ್ಲಾಕತ್ತಿದ್ದೆ!"

"ಈಗೂ ಗೆಲ್ಲಾಕತ್ತೀರೇನು? ಜರಾ ಆ ಮೂಲ್ಯಾಗಿನ ಕುದುರಿ ನೋಡ್ರಿ. ಅದು ಒಂದು ಸಲ ಜಿಗೀತು ಅಂದ್ರ ನಿಮ್ಮ ರಾಜಾಗೂ ಶಹ, ಮಂತ್ರೀಗೂ ಏಟು. ಮಂತ್ರಿ ಹೋದ ಮ್ಯಾಲ ನಿಮ್ಮ ರಾಜಾ ಎಷ್ಟು ಹೊತ್ತಿನಾಂವ?"

ಆಕೆಯ ಮಾತು ಮುಗಿಯುವ ಮೊದಲೇ ಕುದುರೆ ಜಿಗಿಯಿತು. ರಾಯರ ಮಂತ್ರಿ ಮುಂದಿನ ನಡೆಯಲ್ಲೇ ವೈಕುಂಠವಾಸಿಯಾದ.

"ನಿನಗ ಇಷ್ಟೆಲ್ಲಾ ತಿಳೀತದ, ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಕೇಳತಿದ್ರೇನು? ಮತ್ತ, ನೀವು ಸೋತ್ರ ಒಲಿ ಮುಂದ ಕುಂದ್ರವ್ರು ಯಾರು? ಒಂದು ರೊಟ್ಟಿ ಹರೀತೀರಿ, ಇನ್ನೊಂದು ಸುಡ್ತೀರಿ, ಆಮ್ಯಾಲ ‘ಪದ್ಮಾ, ಜರಾ ಬಾ ಇಲ್ಲಿ’ ಅಂತೀರಿ. ಇಡೀ ಬಳಗಕ್ಕ ನಾನೇ ಬಡೀಬೇಕಾಗ್ತದ. ನನ್ನ ರಟ್ಟಿ ಉಳಿಸ್ಕೊಳಾಕ ಎತ್ತತಿದ್ದೆ ನಾ."

ರಾಯರು ಕುರ್ಚಿಯಿಂದ ಎದ್ದರು. ಮೋಡೆಮ್ಮಿನ ತಂತಿ ಕೀಳೋಣವೆಂದರೆ ಅಭಯ ಫೋನ್ ಹಚ್ಚುತ್ತಾನೆ, ಗಂಟೆ ಬಾರಿಸುತ್ತದೆ, ಕೈಯಾರೆ ಕಡಿದದ್ದು ಬಯಲಾಗುತ್ತದೆ. ರಿಸೀವರ್ ಎತ್ತಿಡುವುದೊಂದೇ ದಾರಿ. ಅವರು ದೇವರ ಕೋಣೆಗೆ ಓಡಿದರು.

"ಅವ್ವಾ, ಫೋನ್ ಜರಾ ಎತ್ತಿ ಕೆಳಗಿಡವ್ವಾ!"

ಸೀತಾಬಾಯಿ ಮೌನದಲ್ಲಿ ಜಪ ಮಾಡುತ್ತಿದ್ದರು. ಒಂದು ಕೈಯಿಂದ ಮಣಿ ತಿರುವುತ್ತ, ಇನ್ನೊಂದು ಕೈಯನ್ನು ಮಗನತ್ತ ಚಾಚಿ, "ಹೂಂ! ಹೂಂ!" ಎಂದು ದೂರ ಸರಿಯಲು ಸನ್ನೆ ಮಾಡಿದರು.

"ಅವ್ವಾ, ಸಂಕಟ ಬಂದದ! ರಾಜಾನ ಪ್ರಾಣ ಹೋಗ್ತದ!"

ಜಪ ಒಂದು ಸುತ್ತು ಮುಗಿಯಿತು. "ಯಾವ ರಾಜಾನೋ? ಆಡೂ ಮುಂದ ನೀನೇ ಬಂದ್ರೂ ಮುಟ್ಟಗೊಡಬ್ಯಾಡ ಅಂತ ಹೇಳೀದಿ. ನಾ ಮಾತು ಕೊಟ್ಟೀನಿ. ದೇವರ ಮುಂದ ಕೊಟ್ಟೀನಿ."

"ಆ ಮಾತು ವಾಪಸ್ ತೊಗೊಂಡೀನವ್ವಾ!"

"ಮೈಲಗಿ ಬಾಯಿಲೆ ತೊಗೊಂಡ್ರ ನಡೆಯಂಗಿಲ್ಲ. ಸ್ನಾನ ಮಾಡಿ ಬಂದು ತೊಗೋ." ಮತ್ತೆ ಮಣಿ ತಿರುಗತೊಡಗಿದವು.

ರಾಯರು ಬಚ್ಚಲಿಗೆ ಹಾರಿದರು. ಕಾಯಿಸಿದ ನೀರಿರಲಿಲ್ಲ. ಪುಷ್ಯ ಮಾಸದ ಹತ್ತಿರದ ಚಳಿಯಲ್ಲಿ ತಣ್ಣೀರಿನ ಕೊಡವನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು, ಹಗ್ಗದ ಮೇಲಿನ ಒದ್ದೆ ಪಂಚೆ ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ, ನೆಲದ ತುಂಬ ನೀರಿನ ಹೆಜ್ಜೆ ಬಿಡುತ್ತ ಓಡಿಬಂದರು. ಹೊಸ್ತಿಲು ದಾಟಿದರು. ಮಣೆಯ ಮುಂದೆ ಸಾಷ್ಟಾಂಗ ಬಿದ್ದಂತೆಯೇ ಬಿದ್ದು ರಿಸೀವರಿಗೆ ಕೈ ಚಾಚಿದರು.

ಅಷ್ಟರಲ್ಲಿ ಫೋನೇ ಟ್ರಿಣ್ ಎಂದಿತು.

"ನಿಮ್ಮ ಹೊತ್ತು ಮುಗೀತ್ರಿ," ಎಂದಳು ಪದ್ಮಜಾ ಪಡಸಾಲೆಯಿಂದ. "ಆಟ ಸೋತ್ರಿ ಅಂತ ಬಂತು. ನಾನೇ ಬಂದ್ ಮಾಡಿದೆ."

"ಭಾವಾರ," ಎಂದಿತು ಫೋನಿನಲ್ಲಿ ಅಭಯನ ಧ್ವನಿ, "ಇವತ್ತ ಲೈನ್ ಏನ್ ಕ್ಲಿಯರ್ ಅದರಿ! ಎಲ್ಲಿ ಹೋಗಿದ್ರಿ ಆಟ ಬಿಟ್ಟು?"

"ಸ್-ಸ್-ಸ್ನಾನಕ್ಕ," ಎಂದರು ರಾಯರು.

ಎಳ್ಳಮಾವಾಸ್ಯೆಯ ದಿನ ಚಿಮ್ಮನಚೋಡದ ಹೊಲದಲ್ಲಿ ಬಿಳಿಜೋಳದ ತೆನೆಗಳು ತಲೆದೂಗುತ್ತಿದ್ದವು. ಮೂರು ಕಲ್ಲಿನ ಒಲೆಯ ಮುಂದೆ ವಿಠ್ಠಲರಾಯರು ಪಂಚೆಯುಟ್ಟು ಕೂತಿದ್ದರು. ಬಳಗವೆಲ್ಲ ಸುತ್ತ ನೆರೆದು ತಮಾಷೆಗೆ ಕಾದಿತ್ತು. ಪದ್ಮಜಾ ತೋಳು ಮಡಚಿಕೊಂಡು, ‘ಜರಾ ಬಾ ಇಲ್ಲಿ’ ಎಂಬ ಕರೆಗೆ ಸಿದ್ಧಳಾಗಿ ನಿಂತಿದ್ದಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಸುಟ್ಟಿತು. ಆದರೆ ಅಭಯ ಹಲ್ಲು ಕಿರಿದದ್ದು ರಾಯರ ಕಣ್ಣಿಗೆ ಬಿತ್ತು. ಅವರು ಕರೆಯಲಿಲ್ಲ. ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕಿ ನಾದಿದರು. ಶಾಖ, ಆವಿ, ಒತ್ತಡ ಎಂದು ಏನೇನೋ ಗೊಣಗುತ್ತ ಉರಿ ಸಣ್ಣ ಮಾಡಿದರು. ಮುಂದಿನ ರೊಟ್ಟಿ ಹೆಂಚಿನ ಮೇಲೆ ಬಲೂನಿನಂತೆ ಉಬ್ಬಿತು. ಹಿಂದೆಯೇ ಇನ್ನೊಂದು. ಅವುಗಳ ಜೊತೆಗೆ ರಾಯರೂ ಉಬ್ಬಿದರು.

"ಬಿಸಿ ಅದ ತೊಗೋರಿ! ಯಾರಿಗಿ ಬೇಕು? ಸಂಕೋಚ ಬ್ಯಾಡ!" ಎಂದು ಅವರೇ ಕೂಗಿ ಕರೆಯತೊಡಗಿದರು.

ಹೆಂಗಸರೆಲ್ಲ ಕಂಬಳಿಯ ಮೇಲೆ ಸಾಲಾಗಿ ಕೂತು ಭಜ್ಜಿಯಲ್ಲಿ ಅದ್ದಿ ಅದ್ದಿ ತಿಂದರು. ಮಗ ಸ್ನಾನ ಮಾಡಿ ಮಡಿಯಲ್ಲೇ ಬಡಿದದ್ದರಿಂದ ಸೀತಾಬಾಯಿಯೂ ಎರಡು ಸಲ ಬಡಿಸಿಕೊಂಡರು.

"ನಿನ್ನ ಹೇಂತಿ ಕೈ ರೊಟ್ಟಿಗಿಂತ ಮೆತ್ತಗ ಆಗ್ಯಾವಲ್ಲೋ!" ಎಂದರು ಅವರು. "ಇನ್ನ ಮ್ಯಾಲ ವರ್ಷಾ ನೀನೇ ಬಡಿ. ಆಟಾ ಗೀಟಾ ಏನೂ ಬ್ಯಾಡ."

ಬಳಗವೆಲ್ಲ ಹೌದು ಹೌದು ಎಂದಿತು. ಹೊಗಳಿಕೆಯ ಅಮಲಿನಲ್ಲಿದ್ದ ರಾಯರು ಬೂದಿ ಮೆತ್ತಿದ ಮೀಸೆ ನೀವಿಕೊಂಡು, "ಅದಕ್ಕೇನು, ಹಬ್ಬಕ್ಕಷ್ಟೇ ಯಾಕ? ಪ್ರತಿ ಐತವಾರ ಮನ್ಯಾಗೂ ಬಡೀತೀನಿ!" ಎಂದುಬಿಟ್ಟರು.

ಪದ್ಮಜಾ ಕಾಲು ಚಾಚಿ ಕೂತು, ಬೆಣ್ಣೆ ಹಚ್ಚಿದ ರೊಟ್ಟಿ ಮುರಿಯುತ್ತ ತಮ್ಮನ ಕಡೆ ತಿರುಗಿದಳು.

"ಇದು ಮೊದಲೇ ಗೊತ್ತಿದ್ರ," ಎಂದಳು, "ನಾ ಒಂದು ಸಲಾನೂ ಫೋನ್ ಎತ್ತತಿದ್ದಿಲ್ಲ ನೋಡಪಾ."